ಮೈನಸ್ ಮೂವತ್ತರಲ್ಲಿ ಬಾಗಿಲಿಗೆ ಬಂದ ಹುಡುಗರು

ಮಾಗಿ ಚಳಿ ಈ ಸಲ ಜೋರು ಅಂತೀರಾ ಅಕ್ಕ? ಜೋರೇ. ಶಾಲು ಸರಿಯಾಗಿ ಹೊದ್ಕೊಳ್ಳಿ, ನಿಮಗೆ ಮೊದಲೇ ಕೆಮ್ಮು. ನಿಮ್ಮ ಮೊಮ್ಮಗ ಓದೋಕೆ ವಿನ್ನಿಪೆಗ್‌ಗೆ ಹೋಗ್ತಾನೆ ಅಂದ್ರಲ್ಲ, ಆಗಿಂದ ನಿಮಗೊಂದು ವಿಷಯ ಹೇಳಬೇಕು ಅಂತ ಕಾಯ್ತಿದ್ದೆ. ನನ್ನ ಮಗ ಇರೋದೂ ಅದೇ ಊರಲ್ಲಿ. ಒಂದು ಚಳಿಗಾಲ ಪೂರ್ತಿ ನಾನು ಅಲ್ಲಿದ್ದೆ.

ಆ ಊರು ಕೆನಡಾದ ನಟ್ಟನಡುವೆ ಇದೆ. ಸುತ್ತ ಬರೀ ಬಯಲು, ಗಾಳಿ ತಡೆಯೋಕೆ ಒಂದು ಗುಡ್ಡ ಇಲ್ಲ. ಜನವರಿಯಲ್ಲಿ ಮೈನಸ್ 30 ಅಂದ್ರೆ ಅಲ್ಲಿಯವರಿಗೆ ಅದೊಂದು ಸುದ್ದಿಯೇ ಅಲ್ಲ. ರೆಡ್, ಅಸಿನಿಬೊಯಿನ್ ಅಂತ ಎರಡು ನದಿ ಊರೊಳಗೇ ಕೂಡ್ತವೆ. ಚಳಿಗಾಲ ಬಂದ್ರೆ ಎರಡೂ ಗಟ್ಟಿ ಮಂಜುಗಡ್ಡೆ, ಜನ ಅದರ ಮೇಲೆ ಸ್ಕೇಟಿಂಗ್ ಮಾಡ್ತಾರೆ. ಕಾರಿನ ಎಂಜಿನ್ನಿಗೂ ರಾತ್ರಿಯಿಡೀ ವೈರು ಸಿಕ್ಕಿಸಿ ಬೆಚ್ಚಗಿಡಬೇಕು, ಇಲ್ಲದಿದ್ರೆ ಬೆಳಗ್ಗೆ ಅದು ಏಳೋದಿಲ್ಲ. ಡಿಸೆಂಬರಲ್ಲಿ ಸೂರ್ಯ ಎಂಟು ದಾಟಿದ ಮೇಲೆ ಹುಟ್ಟಿ, ಸಂಜೆ ನಾಲ್ಕೂವರೆಗೆಲ್ಲ ಮುಳುಗಿರ್ತಾನೆ.

ಅಂಥ ಒಂದು ಮಧ್ಯಾಹ್ನ ಮಗ ಸೊಸೆ ಕೆಲಸಕ್ಕೆ ಹೋಗಿದ್ರು, ಬೆಲ್ ಆಯ್ತು. ತೆಗೆದ್ರೆ ಇಬ್ಬರು ಹುಡುಗರು. ದಪ್ಪ ಕೋಟು, ಕಿವಿ ಮುಚ್ಚೋ ಟೋಪಿ, ಕುತ್ತಿಗೆ ಹತ್ರ ಬಿಳಿ ಶರಟಿನ ಕಾಲರು, ಟೈ. ಕೋಟಿನ ಮೇಲೆ ಹೆಸರಿನ ಕಪ್ಪು ಪಟ್ಟಿ. ರೆಪ್ಪೆ ಮೇಲೆಲ್ಲ ಉಸಿರು ಹೆಪ್ಪುಗಟ್ಟಿ ಬೆಳ್ಳಗೆ ನಿಂತಿತ್ತು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಯಾರಪ್ಪ, ಏನು ಅಂತ ಕೇಳೋ ಮೊದಲೇ ನನ್ನ ಬಾಯಿಂದ "ಒಳಗೆ ಬನ್ನಿ" ಅಂತ ಬಂತು. ಬರಲಿಲ್ಲ ಅಕ್ಕ! "ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ?" ಅಂದ್ರು. ಇಲ್ಲಪ್ಪ ಅಂದೆ. ಹಾಗಿದ್ರೆ ನಾವು ಒಳಗೆ ಬರೋ ಹಾಗಿಲ್ಲ, ನಮ್ಮ ನಿಯಮ ಅಂದ್ರು. ಸರಿ, ಇಲ್ಲೇ ನಿಂತಿರಿ, ಕಾಫಿ ತರ್ತೀನಿ ಅಂದೆ. ಕಾಫಿ, ಟೀ ಎರಡೂ ಕುಡಿಯಲ್ವಂತೆ.

ಮಾರ್ಮನ್ ಪಂಥದ ಹುಡುಗರು ಅವರು. 1830ರಲ್ಲಿ ಜೋಸೆಫ್ ಸ್ಮಿತ್ ಅನ್ನೋರು ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಚರ್ಚು, ಈಗ ಅದರ ಕೇಂದ್ರ ಅಮೆರಿಕದ ಯೂಟಾದಲ್ಲಿರೋ ಸಾಲ್ಟ್ ಲೇಕ್ ಸಿಟಿ. ಹೆಂಡ ಇಲ್ಲ, ತಂಬಾಕು ಇಲ್ಲ, ಕಾಫಿ ಟೀನೂ ಇಲ್ಲ. ಆ ಚಳಿಯಲ್ಲಿ! ಒಲೆ ಮೇಲೆ ಮೆಣಸಿನ ಸಾರು ಇತ್ತು. ಕುದಿಸಿ, ಎರಡು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಬಾಗಿಲ ಆಚೆ ನಿಂತೇ ಕುಡಿದ್ರು.

ಒಬ್ಬ ಅರಿಝೋನಾದವನು, ಮರುಭೂಮಿ ಕಡೆ ಹುಡುಗ. ಇನ್ನೊಬ್ಬ ಟೋಂಗಾ ದ್ವೀಪದವನು, ಪೆಸಿಫಿಕ್ ಸಮುದ್ರದ ನಡುವಿನ ಬಿಸಿಲೂರು. ಇವರನ್ನ ವಿನ್ನಿಪೆಗ್‌ಗೆ ಕಳಿಸಿದ್ದಾರೆ ನೋಡಿ! ಎಲ್ಲಿಗೆ ಹೋಗಬೇಕು ಅಂತ ಅವರು ಆರಿಸಿಕೊಳ್ಳೋ ಹಾಗಿಲ್ಲ. ಅರ್ಜಿ ಹಾಕ್ತಾರೆ, ಊರು ಯಾವುದು ಅಂತ ಚರ್ಚು ಹೇಳುತ್ತೆ. ಜೊತೆಗಾರನನ್ನೂ ಆರಿಸೋ ಹಾಗಿಲ್ಲ. ಯಾರನ್ನ ಜೋಡಿ ಹಾಕ್ತಾರೋ ಅವನ ಜೊತೆ ಒಂದೇ ಕೋಣೇಲಿ ಇರಬೇಕು, ಬೆಳಗ್ಗೆ ಆರೂವರೆಗೆ ಏಳಬೇಕು, ಒಬ್ಬನ ಕಣ್ಣಳತೆ ಬಿಟ್ಟು ಇನ್ನೊಬ್ಬ ಎಲ್ಲೂ ಹೋಗಬಾರದು. ಕೆಲವು ವಾರವೋ ತಿಂಗಳೋ ಆದ ಮೇಲೆ ಜೋಡಿ ಬದಲಾಗುತ್ತೆ, ಮತ್ತೆ ಹೊಸ ಮುಖ. ಯೇಸು ತನ್ನ ಶಿಷ್ಯರನ್ನ ಇಬ್ಬಿಬ್ಬರಾಗಿ ಕಳಿಸಿದ ಅಂತ ಬೈಬಲಿನಲ್ಲಿ ಇದೆಯಲ್ಲ, ಅದನ್ನೇ ಇವರು ಹಿಡಿದಿರೋದು.

ಜೊತೆಗಾರನ ಕಣ್ಣಳತೆ ಬಿಡಬಾರದು ಅನ್ನೋ ನಿಯಮ ಎಷ್ಟು ಒಳ್ಳೇದು ಅಂತ ಆವತ್ತು ಬಾಗಿಲಲ್ಲೇ ಗೊತ್ತಾಯ್ತು ನನಗೆ. ಅರಿಝೋನಾ ಹುಡುಗ ನಗ್ತಾ ನಗ್ತಾ ಏನೋ ಹೇಳ್ತಿದ್ದ. ಅವನ ಮೂಗಿನ ತುದಿ ಪಕ್ಕದಲ್ಲಿ ಉಗುರಷ್ಟು ಜಾಗ ಮೇಣದ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಗೊತ್ತೇ ಇಲ್ಲ. ಟೋಂಗಾದವನು ನೋಡಿದ. ಸಾರಿನ ಲೋಟ ಕೆಳಗಿಟ್ಟು, ಗ್ಲೌಸು ಕಿತ್ತು, ಬಿಸಿ ಅಂಗೈಯನ್ನ ಅವನ ಮೂಗಿಗೆ ಒತ್ತಿ ಹಿಡಿದ. ಉಜ್ಜಲಿಲ್ಲ, ಸುಮ್ಮನೆ ಒತ್ತಿ ಹಿಡಿದ ಅಷ್ಟೇ. ಬಿಳುಪು ಹೋಗಿ ಕೆಂಪು ಬರೋ ತನಕ ಕೈ ತೆಗೀಲಿಲ್ಲ. ಮಾತಾಡ್ತಿದ್ದವನು ಮಾತು ನಿಲ್ಲಿಸಲೂ ಇಲ್ಲ, ಅಷ್ಟು ಅಭ್ಯಾಸ ಆಗಿಹೋಗಿದೆ ಅವರಿಗೆ.

ಅದಕ್ಕೆ ಫ್ರಾಸ್ಟ್‌ಬೈಟ್ ಅಂತಾರೆ. ಗಾಳಿಯೂ ಸೇರಿ ಮೈನಸ್ 40ರ ಹಾಗೆ ಕೊರೆಯೋ ದಿನ, ಬಟ್ಟೆ ಮುಚ್ಚದ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮೂಗು, ಕೆನ್ನೆ, ಕಿವಿ, ಬೆರಳ ತುದಿ ಮೊದಲು ಹೋಗೋದು. ನೋವು ಆಗಲ್ಲ ಅಕ್ಕ, ಅದೇ ಅಪಾಯ. ಆ ಜಾಗ ಮರಗಟ್ಟಿರುತ್ತೆ. ನಮ್ಮ ಮುಖ ನಮಗೆ ಕಾಣಲ್ಲ, ಎದುರಿಗಿರೋನೇ ಹೇಳಬೇಕು. ಕೋಣೇಲಿ ಜಗಳ ಆಡಿರಲಿ, ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಸಹಿಸದೆ ಇರಲಿ, ಹೊರಗೆ ಕಾಲಿಟ್ಟ ಮೇಲೆ ಒಬ್ಬರ ಮುಖ ಇನ್ನೊಬ್ಬರು ನೋಡ್ತಾ ಇರಲೇಬೇಕು. ಆ ವಯಸ್ಸಲ್ಲಿ ಇದನ್ನ ಕಲಿಯೋದು ಸಣ್ಣ ವಿದ್ಯೆ ಅಲ್ಲ ಅಂತ ನನ್ನ ನಂಬಿಕೆ.

ಕುಡಿದಾದ ಮೇಲೆ, "ಅಮ್ಮ, ಸಲಿಕೆ ಇದೆಯಾ?" ಅಂದ್ರು. ಮೆಟ್ಟಿಲಿಂದ ರಸ್ತೆ ತನಕ ಬಿದ್ದಿದ್ದ ಹಿಮ ಪೂರ್ತಿ ಎತ್ತಿಹಾಕಿ ಹೋದ್ರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ.

ಏನಂದ್ರಿ? ಮತಕ್ಕೆ ಸೇರಿಸೋಕೆ ಬಂದೋರಲ್ವಾ ಅಂತ್ಲಾ? ಹೌದು, ಅದಕ್ಕೇ ಬಂದಿದ್ದು. ಅದನ್ನವರು ಮುಚ್ಚಿಡಲ್ಲ. ಭಾನುವಾರ ಮಗ ಇದ್ದಾಗ ಮತ್ತೆ ಬಂದು ಒಳಗೆ ಕೂತು ತಮ್ಮ ಪುಸ್ತಕದ ವಿಷಯ ಹೇಳಿದ್ರು. ನಮ್ಮ ಮನೆ ದೇವರು ನಮಗಿದ್ದಾನಪ್ಪ, ಅದನ್ನ ನಾವು ಬಿಡಲ್ಲ ಅಂತ ಮಗ ಮುಖ ನೋಡಿಯೇ ಹೇಳಿದ. ಅವರು ಮುಖ ಸಣ್ಣ ಮಾಡ್ಕೊಳ್ಳಲಿಲ್ಲ. ದಿನವಿಡೀ ಬೇಡ ಅನ್ನೋ ಮಾತೇ ಕೇಳೋರು ಅವರು. ನನಗೆ ಅವರ ಮತ ಬೇಡ, ಆದರೆ ಆ ಹುಡುಗರ ಮೇಲೆ ಗೌರವ ಇದೆ. ಎರಡೂ ಒಟ್ಟಿಗೆ ಇರಬಹುದು ಅಲ್ವಾ?

ಈ ಚಳಿ ಅವರಿಗೆ ಮೊದಲಿಂದಲೂ ಬಂದಿದ್ದು. ಮಗ ಓದಿ ಹೇಳಿದ. ಚರ್ಚು ಶುರುವಾದ ವರ್ಷವೇ, 1830ರ ಶರತ್ಕಾಲದಲ್ಲಿ, ನಾಲ್ಕು ಜನ ಯುವಕರನ್ನ ಪಶ್ಚಿಮದ ಗಡಿಗೆ, ಅಲ್ಲಿಯ ಮೂಲನಿವಾಸಿಗಳ ಹತ್ರ ಕಳಿಸಿದ್ರು. ಅದರಲ್ಲೊಬ್ಬ ಪಾರ್ಲಿ ಪ್ರಾಟ್, ಆಗ ಅವನಿಗೆ 23 ವರ್ಷ. ದಾರಿಯಲ್ಲಿ ಒಹಾಯೋದ ಕರ್ಟ್‌ಲ್ಯಾಂಡ್‌ನಲ್ಲಿ ನೂರಕ್ಕೂ ಹೆಚ್ಚು ಜನ ಅವರ ಮಾತಿಗೆ ಒಲಿದ್ರು. ಐದನೆಯವನೊಬ್ಬ ಅಲ್ಲೇ ಜೊತೆಗೂಡಿದ. ಮುಂದೆ ಬಂದಿದ್ದು ಅಮೆರಿಕದ ಆ ಭಾಗದ ಜನ ತಲೆಮಾರುಗಟ್ಟಲೆ ನೆನೆಸಿಕೊಂಡ ದೊಡ್ಡ ಹಿಮದ ಚಳಿಗಾಲ. ನದಿ ಗಡ್ಡೆಕಟ್ಟಿ ಹಡಗು ಅರ್ಧದಾರೀಲೇ ನಿಂತಿತು, ಉಳಿದಿದ್ದು ಕಾಲ್ನಡಿಗೆ. ಸೇಂಟ್ ಲೂಯಿಸ್‌ನಿಂದ ಮಿಸೌರಿಯ ಇಂಡಿಪೆಂಡೆನ್ಸ್ ಅನ್ನೋ ಊರಿಗೆ ಸುಮಾರು 480 ಕಿಲೋಮೀಟರ್, ಮೊಣಕಾಲುದ್ದ ಹಿಮದಲ್ಲಿ. ಬೆಳಗಿಂದ ಸಂಜೆ ತನಕ ನಡೆದ್ರೂ ಒಂದು ಮನೆ ಇಲ್ಲ, ಬೆಂಕಿ ಇಲ್ಲ. ಬೆನ್ನ ಚೀಲದಲ್ಲಿ ಬುತ್ತಿ ಅಂತ ಇದ್ದಿದ್ದು ಜೋಳದ ರೊಟ್ಟಿ, ಹಸಿ ಹಂದಿಮಾಂಸ. ರೊಟ್ಟಿ ಎಷ್ಟು ಗಟ್ಟಿ ಆಗಿತ್ತು ಅಂದ್ರೆ ಮೇಲಿನ ಪದರ ಬಿಟ್ಟು ಒಳಗೆ ಹಲ್ಲು ಇಳೀತಿರಲಿಲ್ಲ ಅಂತ ಪ್ರಾಟ್ ತನ್ನ ಆತ್ಮಕಥೇಲಿ ಬರೆದಿದ್ದಾನೆ.

ಜನವರಿ 1831ಕ್ಕೆ ಹೋಗಿ ಮುಟ್ಟಿದ್ರು. ಅಲ್ಲಿಂದ ಗಡಿ ದಾಟಿ ಡೆಲವೇರ್ ಬುಡಕಟ್ಟಿನ ಮುಖ್ಯಸ್ಥನ ಹತ್ರ ಮಾತಾಡಿದ್ರು. ಆದರೆ ಬೇಗನೆ ಸರ್ಕಾರದ ಅಧಿಕಾರಿ ಬಂದು, ಪರವಾನಗಿ ಇಲ್ಲ, ವಾಪಸ್ ನಡೀರಿ ಅಂದ. ಯಾರನ್ನ ಹುಡುಕಿಕೊಂಡು ಅಷ್ಟು ದೂರ ಹೋದರೋ ಅವರಲ್ಲಿ ಕೆಲಸ ಆಗಲಿಲ್ಲ. ಆದ್ರೂ ಇವತ್ತಿಗೂ ಆ ಪ್ರಯಾಣದ ಕಥೆಯನ್ನ ಅವರ ಮಕ್ಕಳು ಕೇಳ್ತಾ ಬೆಳೀತಾರೆ. ಎಷ್ಟು ಜನ ಸೇರಿದ್ರು ಅನ್ನೋದಕ್ಕಿಂತ, ಆ ಹಿಮದಲ್ಲಿ ಒಬ್ಬರನ್ನೊಬ್ಬರು ಕೈಬಿಡದೆ ನಡೆದ್ರಲ್ಲ, ನನ್ನ ಮನಸ್ಸಿಗೆ ತಟ್ಟಿದ್ದು ಅದು.

ಮಕ್ಕಳನ್ನ ಹೀಗೆ ದೂರ ಕಳಿಸೋಕೆ ಹೆತ್ತೋರಿಗೆ ಹೇಗೆ ಮನಸ್ಸು ಬರುತ್ತೆ ಅಂತೀರಿ, ನಾನೂ ಅದನ್ನೇ ಕೇಳಿದೆ. ಈ ಸೇವೆ ಗಂಡು ಹುಡುಗರಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷ. ಸಂಬಳ ಇಲ್ಲ. ಅಮೆರಿಕದವರಾದ್ರೆ ತಿಂಗಳಿಗೆ ಇಷ್ಟು ಡಾಲರ್ ಅಂತ ಮನೆಯವರೇ ಕಟ್ಟಬೇಕು. ಅದಕ್ಕಂತ ಚಿಕ್ಕಂದಿನಿಂದ ಹುಂಡಿಗೆ ಹಾಕಿ ಕೂಡಿಡೋ ಮಕ್ಕಳೂ ಇದ್ದಾರೆ. ಗಂಡು ಹುಡುಗರು ಹೊರಡೋ ವಯಸ್ಸು ಮೊದಲು 19 ಇತ್ತು, 2012ರಲ್ಲಿ 18 ಮಾಡಿದ್ರು. ಹಿಂದೆಲ್ಲ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೂ ಅಮ್ಮಂದಿರ ದಿನಕ್ಕೂ, ಮನೆಗೆ ಫೋನ್ ಮಾಡಬಹುದಿತ್ತು. 2019ರಿಂದ ವಾರಕ್ಕೊಂದು ಸಲ ಮಾತಾಡಬಹುದು. ಆ ನಿಯಮ ಸಡಿಲ ಆಗಿದ್ದು ಕೇಳಿ ನನಗೇ ನಿರಾಳ ಆಯ್ತು. ಊರಿನ ಚರ್ಚಿನವರು ಸರದಿ ಮೇಲೆ ರಾತ್ರಿ ಊಟಕ್ಕೆ ಕರೀತಾರೆ. ನಮ್ಮ ಕಾಲದಲ್ಲಿ ಓದೋ ಹುಡುಗರಿಗೆ ವಾರಾನ್ನ ಹಾಕ್ತಿದ್ರಲ್ಲ, ಥೇಟ್ ಹಾಗೆ.

ಎಲ್ಲರಿಗೂ ಇದು ಒಗ್ಗಲ್ಲ. ಮೈಗೆ ಹುಷಾರಿಲ್ಲದೆ, ಮನಸ್ಸು ಕುಗ್ಗಿ, ಅರ್ಧದಲ್ಲೇ ಊರಿಗೆ ಮರಳೋರಿದ್ದಾರೆ. ಅಂಥೋರನ್ನ ಊರಿನ ಜನ ಒಂಥರಾ ನೋಡ್ತಾರಂತೆ. ಅದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಹೊರಗಿನ ಬಿಳುಪಾದ್ರೆ ಜೊತೆಗಾರನ ಕಣ್ಣಿಗೆ ಬೀಳುತ್ತೆ, ಒಳಗಿಂದು ಅಷ್ಟು ಸುಲಭಕ್ಕೆ ಬೀಳಲ್ಲ. ಮರಳಿ ಬಂದ ಮಗುವನ್ನ ಎದೆಗೆ ಅವುಚಿಕೊಳ್ಳಬೇಕೇ ಹೊರತು ಲೆಕ್ಕ ಕೇಳಬಾರದು.

ಇದೆಲ್ಲ ದೂರದ ಮಾತು ಅಂದ್ಕೋಬೇಡಿ. ನಮ್ಮ ಬೆಂಗಳೂರಲ್ಲಿ 1993ರಿಂದಲೇ ಅವರ ಮಿಷನ್ ಇದೆ. ಭಾರತದಲ್ಲಿ ತಮ್ಮ ಮೊದಲ ಮಂದಿರವನ್ನ ಅಲ್ಲೇ ಕಟ್ತೀವಿ ಅಂತ 2018ರಲ್ಲಿ ಹೇಳಿ, 2020ರ ಡಿಸೆಂಬರಲ್ಲಿ ಕೆಲಸ ಶುರು ಮಾಡಿದ್ರು.

ಈಗ ನಿಮ್ಮ ಮೊಮ್ಮಗನ ವಿಷಯಕ್ಕೆ ಬರೋಣ. ಅವನೂ ಅದೇ ವಯಸ್ಸು, ಅದೇ ಚಳಿ, ಗೊತ್ತಿಲ್ಲದ ಹುಡುಗನ ಜೊತೆ ಒಂದೇ ಕೋಣೆ. ದಪ್ಪ ಕೋಟು ಅಲ್ಲೇ ಕೊಳ್ಳಲಿ, ಇಲ್ಲಿಯದು ಅಲ್ಲಿ ನಡೆಯಲ್ಲ. ಬೆರಳಿಗೆ ಬಿಡಿಬಿಡಿ ಗ್ಲೌಸಿಗಿಂತ ಎಲ್ಲ ಬೆರಳೂ ಒಟ್ಟಿಗೆ ಇರೋದು ಬೆಚ್ಚಗಿರುತ್ತೆ. ಹೆಪ್ಪುಗಟ್ಟಿದ ಜಾಗವನ್ನ ಉಜ್ಜಬಾರದು, ಅಂಗೈ ಇಟ್ಟು ಬೆಚ್ಚಗೆ ಮಾಡಬೇಕು, ಮರಗಟ್ಟಿದ್ದು ಬಿಡದಿದ್ರೆ ಡಾಕ್ಟರ ಹತ್ರ ಓಡಬೇಕು. ರೂಮಿನವನ ಜೊತೆ ಹೊರಗೆ ಹೋದಾಗ ಅವನ ಮುಖ ನೋಡ್ತಿರಲಿ, ತನ್ನ ಮುಖ ನೋಡೋಕೆ ಅವನಿಗೂ ಹೇಳಲಿ. ಆ ಹುಡುಗರು ಬಾಗಿಲಿಗೆ ಬಂದ್ರೆ ಬೇಡ ಅನ್ನೋದನ್ನ ನೇರವಾಗಿ ಹೇಳಲಿ. ಬಾಗಿಲು ಹಾಕೋ ಮುಂಚೆ ಕೆನ್ನೆ, ಮೂಗು ಒಂದು ಸಲ ನೋಡಿ, ಬಿಳುಪಾಗಿದ್ರೆ ತಿಳಿಸಲಿ. ಆಮೇಲೆ ಬಿಸಿ ಸಾರು ಕೊಡಲಿ. ಸಾರಿನ ಪುಡಿ ನಾನು ಮಾಡಿಕೊಡ್ತೀನಿ, ಅವನು ಹೊರಡೋ ವಾರ ನೆನಪು ಮಾಡಿ.