ಎ ಹಾಕೋದೋ, ಇ ಹಾಕೋದೋ

ಕನ್ನಡದಲ್ಲಿ ‘ಸ್ಟೇಷನರಿ’ ಎಂದು ಬರೆದುಬಿಟ್ಟರೆ ಯಾರ ತಂಟೆಯೂ ಇಲ್ಲ. ಪೆನ್ನು, ಪೆನ್ಸಿಲು, ರಬ್ಬರು, ಗೋಂದಿನ ಬಾಟಲಿಗಳೂ ಸ್ಟೇಷನರಿಯೇ, ಕದಲದೆ ನಿಂತದ್ದೂ ಸ್ಟೇಷನರಿಯೇ. ಇಂಗ್ಲಿಷಿನಲ್ಲಿ ಬರೆಯಲು ಕೂತಾಗಲೇ ಕೈ ತಡವರಿಸುವುದು. ಕೊನೆಯ ‘ಆರ್’ ಬರುವ ಮೊದಲು ‘ಎ’ ಹಾಕಿದರೆ ನಿಶ್ಚಲ ಎಂದರ್ಥ, ‘ಇ’ ಹಾಕಿದರೆ ಲೇಖನ ಸಾಮಗ್ರಿ. ಬಾಯಲ್ಲಿ ಹೇಳುವಾಗ ಎರಡೂ ಒಂದೇ. ಬಾಯಿಗೆ ಬೇಡವಾದ ಭೇದವನ್ನು ಕೈಗೆ ಅಂಟಿಸಿಟ್ಟದ್ದು ಯಾರ ಉಪಾಯವೋ ಕಾಣೆ. ಕಾಪಿ ತಿದ್ದುವ ಮೇಷ್ಟ್ರುಗಳಿಗಂತೂ ಅದರಿಂದ ಕೆಂಪು ಶಾಯಿ ಖರ್ಚು ಮಾಡಲು ಕೊರತೆಯಾಗಲಿಲ್ಲ.

ಮೇಷ್ಟ್ರುಗಳು ಇದಕ್ಕೊಂದು ಸೂತ್ರವನ್ನೂ ಹೇಳಿಕೊಡುತ್ತಾರೆ. ಎನ್ವಲಪ್ಪಿಗೆ ‘ಇ’, ಎನ್ವಲಪ್ ಮಾರುವ ಸ್ಟೇಷನರಿಗೂ ‘ಇ’. ಇಂಗ್ಲೆಂಡಿನ ಮಕ್ಕಳಿಗೆ ಇದು ಸಲೀಸು. ಕನ್ನಡ ಶಾಲೆಯ ಕಡೇ ಬೆಂಚಿನವನ ಪಾಡು ಬೇರೆ. ನಾನು ಆ ಬೆಂಚಿನ ಕಾಯಂ ನಿವಾಸಿಯಾದ್ದರಿಂದ ಅಧಿಕಾರವಾಣಿಯಿಂದಲೇ ಹೇಳಬಲ್ಲೆ. ಅವನು ಪಾಠವನ್ನೆಲ್ಲ ತಲೆಯೊಳಗೆ ಕನ್ನಡದಲ್ಲಿ ಬರೆದುಕೊಂಡಿರುತ್ತಾನೆ. ಎನ್ವಲಪ್ ಎಂಬ ಪದ ಅಲ್ಲಿ ಶುರುವಾಗುವುದೇ ‘ಎ’ಯಿಂದ! ಪರೀಕ್ಷೆಯಲ್ಲಿ ಸೂತ್ರ ನೆನಪಾಗುತ್ತದೆ, ಎನ್ವಲಪ್ ನೆನಪಾಗುತ್ತದೆ, ಎನ್ವಲಪ್ಪಿನ ‘ಎ’ಯೂ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸೂತ್ರ ಮರೆತು ಕಣ್ಣುಮುಚ್ಚಿ ಬರೆದವನಿಗೆ ಅರ್ಧ ಪಾಲಾದರೂ ಸರಿಯಾಗುವ ಅವಕಾಶವಿತ್ತು. ನೆನಪಿಟ್ಟ ಬುದ್ಧಿವಂತನಿಗೆ ಅದೂ ಇಲ್ಲ.

ಇರಲಿ, ಪರೀಕ್ಷೆಯ ಮಾತು ಮುಗಿದ ಕತೆ. ಆದರೆ ವಯಸ್ಸಾದ ಮೇಲೂ ಈ ಅಕ್ಷರಗಳು ಬೆನ್ನು ಬಿಡುವುದಿಲ್ಲ ನೋಡಿ. ಒಮ್ಮೆ ಕಿರಾಣಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ಹುಣಸೆಹಣ್ಣು ಹೊಸದೋ ಹಳೆಯದೋ ಎಂಬ ಗಹನವಾದ ಚರ್ಚೆಯಲ್ಲಿದ್ದೆ. ಹೊರಗೆ ಗೂಡ್ಸ್ ಆಟೋ ಒಂದು ರಿವರ್ಸ್ ಬಂದು ಡಿಕ್ಕಿ ಹೊಡೆಯಿತು, ಅದೂ ಸರಿಯಾಗಿ ಡಿಕ್ಕಿಗೇ. ವಿಮೆಯ ಫಾರಂ ತುಂಬಿಕೊಟ್ಟವರು ಪರಿಚಯದ ಏಜೆಂಟರು. ಇಂಗ್ಲಿಷಿನಲ್ಲಿ ಬಲು ಗಟ್ಟಿ ಎಂದು ಬಡಾವಣೆಯಲ್ಲೆಲ್ಲ ಹೆಸರಾದವರು. ನಿಂತಿತ್ತು ಎಂದು ಬರೆಯುವ ಜಾಗದಲ್ಲಿ ಅವರು ಘನವಾಗಿ ‘ಸ್ಟೇಷನರಿ’ ಎಂದು ಬರೆದರು. ‘ಇ’ ಹಾಕಿ.

ಕೆಲವು ದಿನಕ್ಕೆ ವಿಮಾ ಕಚೇರಿಯಿಂದ ಒಬ್ಬ ಹುಡುಗಿಯ ಫೋನು. “ಸರ್, ಗಾಡೀಲಿ ಸ್ಟೇಷನರಿ ಇತ್ತಾ? ಏನೇನ್ ಐಟಮ್ಸು? ಗಾಡಿನ ವ್ಯಾಪಾರಕ್ಕೆ ಬಳಸ್ತೀರಾ?”

“ಇಲ್ಲಮ್ಮ, ಗಾಡಿಯೇ ಸ್ಟೇಷನರಿ” ಎಂದೆ.

“ಅದೇ ಸರ್ ನಾನೂ ಹೇಳ್ತಿರೋದು, ಸ್ಟೇಷನರಿ ಗಾಡಿ.”

ನಾನು ಹೇಳಿದ್ದರಲ್ಲಿ ‘ಎ’ ಇತ್ತು, ಆಕೆ ಕೇಳಿಸಿಕೊಂಡದ್ದರಲ್ಲಿ ‘ಇ’ ಇತ್ತು. ಫೋನಿನ ತಂತಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಕೊನೆಗೆ, “ನಿಂತಿತ್ತು ಕಣಮ್ಮಾ, ಪಾಪ, ಸುಮ್ನೆ ನಿಂತಿತ್ತು” ಎಂದೆ. “ಹಾಗಂತ ಬರೀಬಾರ್ದಾ ಸರ್?” ಎಂದಳು. ಮಾತು ನ್ಯಾಯವಾದದ್ದೇ.

ಈ ಎರಡು ಪದಗಳಿಗೆ ಇಷ್ಟು ಹೋಲಿಕೆ ಏಕೆ ಬಂತು ಎಂದು ಹುಡುಕುತ್ತ ಹೋದರೆ ಮಧ್ಯಯುಗದ ಯೂರೋಪಿನ ಒಂದು ಅಂಗಡಿಯ ಜಗುಲಿಗೆ ತಲುಪುತ್ತೇವೆ. ಆ ಕಾಲದ ವ್ಯಾಪಾರಿಗಳಲ್ಲಿ ಬಹಳ ಮಂದಿ ಗಂಟು ಹೊತ್ತು ಊರಿಂದೂರಿಗೆ ಅಲೆಯುವವರು. ಒಂದೇ ಕಡೆ ಮಳಿಗೆ ಹೂಡಿ ಕೂತವನನ್ನು ಲ್ಯಾಟಿನ್ನಿನಲ್ಲಿ ‘ಸ್ಟೇಷನೇರಿಯಸ್’ ಎಂದರು, ಅಂದರೆ ನೆಲೆ ನಿಂತವನು. ಹಾಗೆ ನಿಂತವರಲ್ಲಿ ಮುಖ್ಯರಾದವರು ಪುಸ್ತಕದ ವ್ಯಾಪಾರಿಗಳು. ಬೊಲೊನ್ಯಾ, ಪ್ಯಾರಿಸ್‌ನಂಥ ವಿಶ್ವವಿದ್ಯಾಲಯಗಳ ಪಕ್ಕದಲ್ಲಿ ಅವರ ಮಳಿಗೆ. ಅಚ್ಚಿನ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಪಠ್ಯದ ತಿದ್ದಿದ ಪ್ರತಿಯನ್ನು ಬಿಡಿ ಬಿಡಿ ಕಂತೆ ಮಾಡಿ ಇಟ್ಟುಕೊಂಡು, ವಿಶ್ವವಿದ್ಯಾಲಯ ಗೊತ್ತುಮಾಡಿದ ದರಕ್ಕೆ ಬಾಡಿಗೆ ಕೊಡುತ್ತಿದ್ದರು. ವಿದ್ಯಾರ್ಥಿ ಒಂದು ಕಂತೆ ಒಯ್ದು ನಕಲು ಮಾಡಿಕೊಂಡು, ಅದನ್ನು ಹಿಂದಿರುಗಿಸಿ ಮುಂದಿನದನ್ನು ಒಯ್ಯಬೇಕು. ನಮ್ಮ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಯವರು ತಮ್ಮ ಮೂಲಪುರುಷನ ಪಟ ಹಾಕಿಸಬೇಕೆಂದಿದ್ದರೆ ಇವನದ್ದನ್ನೇ ಹಾಕಿಸಬಹುದು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಲೆಯುವವನು ಜಂಗಮ, ನೆಲೆ ನಿಂತವನು ಸ್ಥಾವರ. ಇದು ಬರಿಯ ಚಮತ್ಕಾರವಲ್ಲ. ಲ್ಯಾಟಿನ್ನಿನ ಆ ‘ನಿಲ್ಲು’ ಧಾತುವಿಗೂ ಸಂಸ್ಕೃತದ ‘ಸ್ಥಾ’ ಧಾತುವಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ. ಸ್ಥಾನ, ಸ್ಥಿರ, ಸಂಸ್ಥೆ, ಸ್ಥಾವರ ಎಲ್ಲ ಆ ಬಳಗದವೇ. ಸ್ಥಾನದಿಂದಲೇ ಸವೆದು ಸವೆದು ಠಾಣೆ ಆಗಿದೆ. ಆದ್ದರಿಂದ ಕೆಲವರು ಪೊಲೀಸ್ ಸ್ಟೇಷನ್ ಎಂದು, ಕೆಲವರು ಪೊಲೀಸ್ ಠಾಣೆ ಎಂದು ಹೇಳಿದರೂ ಇಬ್ಬರನ್ನೂ ಕೂರಿಸುವುದು ಒಂದೇ ಬೆಂಚಿನ ಮೇಲೆ. ಸ್ಥಾವರ–ಜಂಗಮಗಳಲ್ಲಿ ಬಸವಣ್ಣನವರದು ಯಾವ ಪಕ್ಷ ಎಂಬುದು ನಮಗೆಲ್ಲ ಗೊತ್ತು. ನೋಟ್‌ಬುಕ್ ಕೊಳ್ಳುವ ವಿಷಯದಲ್ಲಿ ಮಾತ್ರ ನಾನು ಸ್ಥಾವರ ಪಕ್ಷದವನು. ಬಸ್‌ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಐದು ಪೆನ್ನು ಕೊಟ್ಟ ಜಂಗಮನನ್ನು, ಒಂದೂ ಬರೆಯುತ್ತಿಲ್ಲ ಎಂದು ಹುಡುಕಿಕೊಂಡು ಹೋಗುವುದೆಲ್ಲಿಗೆ?

ಲಂಡನ್ನಿನಲ್ಲಿ ಈ ನಿಂತವರು ಬಲಿಷ್ಠರೇ ಆದರು. ಲಿಪಿಕಾರರು, ಚಿತ್ತಾರ ಬಿಡಿಸುವವರು, ರಟ್ಟು ಹಾಕುವವರು, ಮಾರುವವರು ಸೇರಿ 1403ರಲ್ಲಿ ಸಂಘ ಕಟ್ಟಿಕೊಂಡರು. 1557ರಲ್ಲಿ ಅದಕ್ಕೆ ರಾಜಸನದೂ ಸಿಕ್ಕಿತು. ಅಲ್ಲಿಂದ ಮುಂದೆ ಸ್ಟೇಷನರ್‌ಗಳ ದಫ್ತರದಲ್ಲಿ ಯಾರ ಹೆಸರಿನಲ್ಲಿ ಪುಸ್ತಕ ದಾಖಲಾಯಿತೋ ಅಚ್ಚು ಹಾಕುವ ಹಕ್ಕು ಅವನದು. ಬರೆದ ಪುಣ್ಯಾತ್ಮನಿಗಲ್ಲ, ಅಚ್ಚು ಹಾಕುವವನಿಗೆ! 1623ರಲ್ಲಿ ಶೇಕ್ಸ್‌ಪಿಯರನ ದೊಡ್ಡ ಸಂಪುಟ ಹೊರಬರುವಾಗ, ಅದುವರೆಗೆ ದಾಖಲಾಗದಿದ್ದ 16 ನಾಟಕಗಳನ್ನು ಪ್ರಕಾಶಕರು ಅಲ್ಲಿ ತಮ್ಮ ಹೆಸರಿಗೆ ಬರೆಸಿದರು. ನಾಟಕಕಾರ ತೀರಿಹೋಗಿ ಏಳು ವರ್ಷವಾಗಿತ್ತು, ಅವನನ್ನು ಕೇಳುವ ಪ್ರಮೇಯವೂ ಇರಲಿಲ್ಲ. ಲೇಖಕನಿಗೂ ಹಕ್ಕುಂಟೆಂದು ಇಂಗ್ಲೆಂಡಿನ ಶಾಸನ ಒಪ್ಪಿದ್ದು 1710ರಲ್ಲಿ. ಆಮೇಲೂ ಗೌರವಧನ ಸಕಾಲಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಈ ಪ್ರಬಂಧದ ಸಂಪಾದಕರ ಸಮ್ಮುಖದಲ್ಲಿ ನಾನು ಎತ್ತುವುದಿಲ್ಲ.

ಸ್ಟೇಷನರ್ ಮಾರುವ ಸರಕು ಆದ್ದರಿಂದ ‘ಇ’ಯ ಸ್ಟೇಷನರಿ. ಹಿಂದೆ ಪುಸ್ತಕವೇ ಅವನ ಮುಖ್ಯ ಸರಕು. ಬರಬರುತ್ತ ಪುಸ್ತಕ ಬೇರೆ ಅಂಗಡಿಗೆ ಹೋಗಿ, ಕಾಗದ, ಶಾಯಿ, ಲಕೋಟೆಗಳು ಇವನ ಪಾಲಿಗೆ ಉಳಿದವು. ಬ್ರಿಟಿಷ್ ಸರ್ಕಾರ 1786ರಲ್ಲಿ ತನ್ನ ಕಚೇರಿಗಳಿಗೆ ಕಾಗದ ಒದಗಿಸಲೆಂದೇ ಸ್ಟೇಷನರಿ ಆಫೀಸು ತೆರೆಯಿತು. ನಮ್ಮಲ್ಲೂ ಅಂಥ ಇಲಾಖೆ ಇದೆ. ಅದರ ಕನ್ನಡ ಹೆಸರಿನಲ್ಲಿ ‘ಲೇಖನ ಸಾಮಗ್ರಿ’ ಎಂದಿರುವುದರಿಂದ ‘ಎ’–‘ಇ’ ರಗಳೆಯಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿ ನೋಡಿ, ಜೂನ್ ತಿಂಗಳಲ್ಲಿ ಹೋದರೆ ಇನ್ನೂ ಚೆನ್ನ. ಗ್ರಾಹಕರು ನಡೆಯುವುದೇ ಬೇಡ, ಜನಸಾಗರವೇ ತೇಲಿಸಿಕೊಂಡು ಅಂಗಡಿ ಮುಟ್ಟಿಸುತ್ತದೆ. ಅಲ್ಲಿ ಪೆನ್ನು ಬರೆಯುತ್ತದೆಯೇ ಎಂದು ಗೀಚಿ ನೋಡಲು ಕೊಡುವ ಹಾಳೆ ಇದೆಯಲ್ಲ, ಅದನ್ನು ಓದುವುದು ನನಗಿಷ್ಟ. ಯಾರೂ ಅದರಲ್ಲಿ ಬರಿಯ ಗೆರೆ ಎಳೆಯುವುದಿಲ್ಲ. ಖಾಲಿ ಚೆಕ್ಕಿನ ಮೇಲೆ ಹಾಕಲು ಸಾವಿರ ಸಲ ಯೋಚಿಸುವ ಸಹಿಯನ್ನು ಅಲ್ಲಿ ನಾಲ್ಕು ನಾಲ್ಕು ಸಲ ಹಾಕಿ ಬಂದಿರುತ್ತಾರೆ. ಹಾಗೆ ಸಹಿ ಹಾಕಿ ಆರಿಸಿ ತಂದ ಪೆನ್ನು ಮನೆಯಲ್ಲಿ ಎರಡು ದಿನ ನಿಲ್ಲುವುದಿಲ್ಲ. ಟೇಬಲ್ಲಿನ ಮೇಲಿಟ್ಟದ್ದು ಗ್ಯಾಸ್ ಸಿಲಿಂಡರಿನ ಹುಡುಗನ ಜೇಬಿಗೋ, ಅಲ್ಲಿಂದ ಮೂರನೇ ಬೀದಿಗೋ ಹೋಗಿರುತ್ತದೆ. ಲೋಕದಲ್ಲಿ ಸ್ಟೇಷನರಿಯಷ್ಟು ಸಂಚಾರಿಯಾದ ವಸ್ತು ಇನ್ನೊಂದಿಲ್ಲ.

ಇನ್ನು ‘ಎ’ಯ ಸ್ಟೇಷನರಿಯಾದರೂ ನೆಟ್ಟಗೆ ನಿಂತಿರುತ್ತದೆಯೇ? ಹಾಸನದವರನ್ನು ಕೇಳಬೇಕು. ಭೂಸ್ಥಿರ ಉಪಗ್ರಹ ಎನ್ನುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಜಿಯೋಸ್ಟೇಷನರಿ ಎಂದು ಹೆಸರು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ಸೆಕೆಂಡಿಗೆ 3 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಕೆಳಗೆ ಭೂಮಿಯೂ ಅದಕ್ಕೆ ಸರಿಯಾಗಿ ತಿರುಗುವುದರಿಂದ ನಮಗೆ ನಿಂತಂತೆ ಕಾಣುತ್ತದೆ, ಅಷ್ಟೆ. ಅದೂ ಬಿಟ್ಟರೆ ಸೂರ್ಯ ಚಂದ್ರರ ಸೆಳೆತಕ್ಕೆ ಮೆಲ್ಲಗೆ ಸರಿದುಬಿಡುತ್ತದೆ. ಆಗಾಗ ಪುಟ್ಟ ರಾಕೆಟ್ಟು ಉರಿಸಿ ಅದನ್ನು ಜಾಗಕ್ಕೆ ತರಬೇಕು. 1982ರಲ್ಲಿ ಶುರುವಾದ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು ಮಾಡುವುದು ಈ ಕೆಲಸವನ್ನೇ. ಆ ಕೆಲಸಕ್ಕೆ ಅವರ ವಲಯದಲ್ಲಿ ‘ಸ್ಟೇಷನ್ ಕೀಪಿಂಗ್’ ಎನ್ನುತ್ತಾರೆ. ನಾನು ಮೊದಲು ಕೇಳಿದಾಗ ನೋಟ್‌ಬುಕ್ಕಿನ ದಾಸ್ತಾನು ನೋಡಿಕೊಳ್ಳುವ ಹುದ್ದೆ ಎಂದುಕೊಂಡಿದ್ದೆ. 1981ರಲ್ಲಿ ಹಾರಿದ ನಮ್ಮ ‘ಆಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿ ಪರೀಕ್ಷೆಗೆ ಒಯ್ದ ಚಿತ್ರ ನೀವೂ ನೋಡಿರುತ್ತೀರಿ. ಲೋಹದ ವಾಹನವಾದರೆ ಆಂಟೆನಾ ಪರೀಕ್ಷೆ ಕೆಡುತ್ತದೆಂದು ಮರದ ಗಾಡಿ. ಆ ಉಪಗ್ರಹ ಅದರ ಜೀವಮಾನದಲ್ಲಿ ಅತ್ಯಂತ ನಿಧಾನವಾಗಿ ಚಲಿಸಿದ್ದು ಎತ್ತುಗಳ ಹಿಂದೆ ಕೂತಾಗಲೇ ಇರಬೇಕು.

ಆದ್ದರಿಂದ ನಿಮ್ಮ ಬೀದಿಯ ಅಂಗಡಿಯ ಬೋರ್ಡಿನಲ್ಲಿ ಇಂಗ್ಲಿಷಿನ ‘ಸ್ಟೇಷನರಿ’ಗೆ ‘ಎ’ ಹಾಕಿದ್ದು ಕಂಡರೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ ನಗಬೇಡಿ. ಅಂಗಡಿ ಅಲ್ಲೇ ನಿಂತಿದೆ, ಅಂಗಡಿಯವನೂ ಬೆಳಿಗ್ಗೆಯಿಂದ ನಿಂತೇ ಇದ್ದಾನೆ. ಪೇಂಟರ್ ಬರೆದದ್ದು ಕಾಗುಣಿತಕ್ಕೆ ತಪ್ಪು, ಚರಿತ್ರೆಗೆ ಸರಿ. ವಿಮೆಯ ಫಾರಂ ತುಂಬುವಾಗ ಮಾತ್ರ ಈ ಪದದ ಸಹವಾಸ ಬೇಡ. ‘ಪಾರ್ಕ್ಡ್’ ಎಂದು ಬರೆಯಿರಿ. ಇಂಗ್ಲಿಷಿನಲ್ಲಿ ಅದಕ್ಕೆ ‘ಎ’ಯೂ ಇದೆ, ‘ಇ’ಯೂ ಇದೆ, ಯಾರೂ ಫೋನ್ ಮಾಡಿ ಕೇಳುವುದಿಲ್ಲ.