ಎಷ್ಟು ಅಂಕದ ಪ್ರಶ್ನೆ ಅದು?

ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಎಲ್ಲಿ ಹೋದರೂ ಪ್ರಶ್ನೆಗಳಲ್ಲಿ ಎರಡೇ ಜಾತಿ: ಅಂಕ ಇರುವವು, ಅಂಕ ಇಲ್ಲದವು. ಅಂಕ ಇರುವ ಪ್ರಶ್ನೆಯ ದೌಲತ್ತೇ ಬೇರೆ. ಅದಕ್ಕೆ ಪ್ರಶ್ನೆಕೋಠಿಯಲ್ಲಿ ಕಾಯಂ ಜಾಗ, ಗೈಡಿನಲ್ಲಿ ಸಿದ್ಧ ಉತ್ತರ, ಪರೀಕ್ಷೆ ಹತ್ತಿರ ಬಂದರೆ 'ಪಾಸಿಂಗ್ ಪ್ಯಾಕೇಜ್' ಎಂಬ ಪಲ್ಲಕ್ಕಿ. ಅಂಕ ಇಲ್ಲದ ಪ್ರಶ್ನೆಗೆ ಮಾತ್ರ ಎಲ್ಲ ಬಾಗಿಲಲ್ಲೂ ಒಂದೇ ಮಾತು: "ಮುಂದಕ ಹೋಗಪಾ."

ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ, ಏಕೆ? ಇದು ಹತ್ತನೇ ತರಗತಿಯ ಪ್ರಶ್ನೆ, ಅಂಕವುಳ್ಳದ್ದು, ಕುಲೀನ. ಯಾವ ಹುಡುಗಿಯನ್ನು ಅರ್ಧರಾತ್ರಿ ಎಬ್ಬಿಸಿ ಕೇಳಿದರೂ ನಿದ್ದೆಗಣ್ಣಿನಲ್ಲೇ ಒಪ್ಪಿಸುತ್ತಾಳೆ: ವಾಯುಮಂಡಲದ ವಕ್ರೀಭವನ, ನಕ್ಷತ್ರ ಬಿಂದು ಆಕರ, ಗ್ರಹ ವಿಸ್ತೃತ ಆಕರ. ಪೂರ್ತಿ ಅಂಕ. ಅದೇ ಹುಡುಗಿಯನ್ನು ಊಟವಾದ ಮೇಲೆ ಮಾಳಿಗೆ ಹತ್ತಿಸಿ, "ಹೌದವಾ, ಈ ಮುಗಿಲಾಗ ಮಿನುಗದ್ದು ಯಾವುದು, ತೋರಸು ನೋಡೋಣ" ಅನ್ನಿ. "ಅದನ್ನ ಪರೀಕ್ಷೆಕ್ಕ ಕೊಡಂಗಿಲ್ರಿ" ಅನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಕರೆಂಟಿನವರು ಆಗಾಗ ಊರನ್ನೆಲ್ಲ ಕತ್ತಲು ಮಾಡಿ ಉಚಿತ ತಾರಾಲಯ ನಡೆಸಿಕೊಟ್ಟರೂ ಗುರುಗ್ರಹವನ್ನು ಗುರುತು ಹಿಡಿಯುವವರಿಲ್ಲ. ನಮ್ಮ ಗುರುವಿನ ಪರಿಚಯವೆಲ್ಲ ಜಾತಕದ ಮೂಲಕ ಆಗಿರುವುದರಿಂದ ಮುಖಾಮುಖಿ ಭೇಟಿಯ ಅಗತ್ಯ ಯಾರಿಗೂ ಕಂಡಿಲ್ಲ.

ಇನ್ನು ಅಂಕ ಇಲ್ಲದ ಪ್ರಶ್ನೆ ಎಂಥದ್ದು ಎಂಬುದಕ್ಕೆ ಒಂದು ಮಾದರಿ. ಶ್ರಾವಣದ ಜಿಟಿಜಿಟಿ ಮಳೆ. ಶಿಗ್ಗಾವಿಯಿಂದ ಸವಣೂರಿಗೆ ಹೊರಟ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿವೆ. ಜಾತ್ರೆ ಮುಗಿಸಿ ಬಂದ ಸಣ್ಣ ಹುಡುಗನೊಬ್ಬನ ಕೈಯಲ್ಲಿ ಗ್ಯಾಸಿನ ಬಲೂನು. ಎಮ್ಮೆ ಅಡ್ಡ ಬಂತು, ಡ್ರೈವರ್ ಬ್ರೇಕ್ ತುಳಿದ. ನಿಂತವರು ಮುಂದಕ್ಕೆ ಮುಗ್ಗರಿಸಿದರು, ಸೀಟಿನ ಕೆಳಗಿದ್ದ ಹಾಲಿನ ಕ್ಯಾನು ಮುಂದಕ್ಕೆ ಉರುಳಿತು, ಕಂಡಕ್ಟರನ ಬೈಗುಳವೂ ಮುಂದಕ್ಕೇ ಹೋಯಿತು. ಬಲೂನು ಮಾತ್ರ ತಣ್ಣಗೆ ಹಿಂದಕ್ಕೆ ವಾಲಿತು.

"ಅಪ್ಪಾ, ಎಲ್ಲಾರೂ ಮುಂದ ಬಿದ್ರು. ಬಲೂನ್ ಯಾಕ ಹಿಂದಕ ಹೋತು?"

"ಸುಮ್ಮ ಕುಂದ್ರಲೇ, ಒಡದೀತು."

ಇಂಥ ಬಸ್ಸಿನಲ್ಲಿ ಡಿಗ್ರಿಯವರಿರುತ್ತಾರೆ, ಇಂಜಿನಿಯರಿಂಗ್ ಮುಗಿಸಿದವರಿರುತ್ತಾರೆ, ಎರಡು ಸೀಟು ಆಚೆ ಭೌತಶಾಸ್ತ್ರದ ಮೇಷ್ಟರೇ ಕೂತಿರಬಹುದು. "ಬಸ್ಸು ಒಮ್ಮೆಲೇ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬೀಳುತ್ತಾರೆ, ಕಾರಣ ಜಡತ್ವ" ಎಂದು ಎಲ್ಲರೂ ಒಂದಲ್ಲ ಒಂದು ವರ್ಷ ಬರೆದವರೇ. ಪುಸ್ತಕದ ಬಸ್ಸಿನಲ್ಲಿ ಬಲೂನಿಗೆ ಟಿಕೆಟ್ ಇಲ್ಲವಾದ್ದರಿಂದ ಅದರ ಹೊಣೆ ಯಾರಿಗೂ ಇಲ್ಲ. ಉತ್ತರ ಕಷ್ಟದ್ದೇನಲ್ಲ. ಬಸ್ಸಿನೊಳಗಿನ ಗಾಳಿಗೂ ಜಡತ್ವವಿದೆ. ಅದೂ ನಮ್ಮ ಜೊತೆ ಮುಂದಕ್ಕೆ ನುಗ್ಗಿ ಡ್ರೈವರ್ ಕಡೆ ಒತ್ತರಿಸುತ್ತದೆ. ಬಲೂನಿನ ಗ್ಯಾಸು ಗಾಳಿಗಿಂತ ಹಗುರ, ಹಾಗಾಗಿ ಅದನ್ನು ಗಾಳಿ ಹಿಂದಕ್ಕೆ ತಳ್ಳುತ್ತದೆ. ಬಲೂನನ್ನು ಮೇಲಕ್ಕೆ ಎತ್ತುವುದೂ ಇದೇ ತಳ್ಳಾಟವೇ. ಇಷ್ಟು ಹೇಳಲು ಒಂದು ನಿಮಿಷ ಸಾಕು, ಆದರೆ ಅಪ್ಪನ ಹತ್ತಿರ ಆ ಒಂದು ನಿಮಿಷ ಇಲ್ಲ. ಅವನು ಮೊಬೈಲಿನಲ್ಲಿ "ನಾಸಾ ವಿಜ್ಞಾನಿಗಳೇ ಬೆಚ್ಚಿಬಿದ್ದ ದೇವಸ್ಥಾನ" ಎಂಬ ವಿಡಿಯೋ ನೋಡುತ್ತಿದ್ದಾನೆ.

ಹಾಗೆಂದು ನಮ್ಮಲ್ಲಿ ವಿಜ್ಞಾನಕ್ಕೆ ಗೌರವವಿಲ್ಲ ಎಂದರೆ ಅಪಚಾರವಾದೀತು. ಪ್ರತಿ ವರ್ಷ ಫೆಬ್ರುವರಿ 28ಕ್ಕೆ ಪೆಂಡಾಲು ಹಾಕಿ ಗೌರವ ಸಲ್ಲಿಸುತ್ತೇವೆ. 1928ರ ಆ ದಿನ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡರು, 1987ರಿಂದ ಅದು ರಾಷ್ಟ್ರೀಯ ವಿಜ್ಞಾನ ದಿನ. ಮುಖ್ಯ ಅತಿಥಿಗಳು ತಡವಾಗಿ ಬಂದು ದೀಪ ಬೆಳಗಿಸುತ್ತಾರೆ. ಗಾಳಿಗೆ ದೀಪ ಆರುತ್ತದೆ, ಮತ್ತೆ ಹಚ್ಚುತ್ತಾರೆ, ಮತ್ತೆ ಆರುತ್ತದೆ. ಬಿಸಿಲಲ್ಲಿ ಕೂತ ಮಕ್ಕಳಲ್ಲಿ ಒಬ್ಬಳಾದರೂ ಮನಸ್ಸಿನಲ್ಲಿ ಕೇಳಿಕೊಂಡಿರುತ್ತಾಳೆ: ಅವ್ವ ಊದುಗೊಳವಿಯಿಂದ ಊದಿದರೆ ಒಲೆ ಹೊತ್ತಿಕೊಳ್ಳುತ್ತದೆ, ಅದೇ ಗಾಳಿಗೆ ದೀಪ ಯಾಕೆ ಆರುತ್ತದೆ? ಇಡೀ ಕಾರ್ಯಕ್ರಮದಲ್ಲಿ ವಿಜ್ಞಾನಕ್ಕೆ ಸಂಬಂಧಪಟ್ಟ ಮಾತು ಇದೊಂದೇ. ಅದನ್ನೂ ಆಕೆ ಬಾಯಿಬಿಟ್ಟು ಕೇಳುವುದಿಲ್ಲ, ಯಾಕೆಂದರೆ ಅಕ್ಕೋರು ಬೆರಳು ತುಟಿಯ ಮೇಲಿಟ್ಟು ನಿಂತಿದ್ದಾರೆ. ಕೆಂಡದಲ್ಲಿ ಬಿಸಿ ಕೂಡಿಟ್ಟಿರುತ್ತದೆ, ಹೆಚ್ಚು ಗಾಳಿ ಕೊಟ್ಟರೆ ಹೆಚ್ಚು ಉರಿಯುತ್ತದೆ. ದೀಪದ ಕುಡಿಗೆ ಅಂಥ ಉಳಿತಾಯವಿಲ್ಲ, ಉರಿಯುವ ಬಿಸಿ ಆವಿಯನ್ನೇ ಗಾಳಿ ಹೊಡೆದುಕೊಂಡು ಹೋಗುತ್ತದೆ. ಅತಿಥಿಗಳು ಇದನ್ನು ಹೇಳಬಹುದಿತ್ತು. ಅವರು ವಿಜ್ಞಾನದ ದುಷ್ಪರಿಣಾಮಗಳ ಬಗ್ಗೆ ಮೈಕಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು.

ರಾಮನ್ 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸಾಗುವಾಗ ಕೇಳಿಕೊಂಡದ್ದೂ ಇಂಥದೇ ಅಂಕವಿಲ್ಲದ ಪ್ರಶ್ನೆ. ಸಮುದ್ರ ನೀಲಿ ಯಾಕೆ? ಅದಕ್ಕೆ ಆಗಲೇ ಗೈಡಿನ ಉತ್ತರ ಸಿದ್ಧವಿತ್ತು, ಆಕಾಶದ ಪ್ರತಿಬಿಂಬ ಅಂತ. ರಾಮನ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು, ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ನಮ್ಮ ಶಾಲೆಯಲ್ಲಿದ್ದಿದ್ದರೆ ಗೈಡಿನಲ್ಲಿದ್ದದ್ದನ್ನು ಬರೆಯದ ತಪ್ಪಿಗೆ ಸೊನ್ನೆ ಬರುತ್ತಿತ್ತು. ಅದೇ ರಾಮನ್ ಹಕ್ಕಿಗಳ ಪುಕ್ಕದ ಬಣ್ಣದ ಮೇಲೂ ತಲೆ ಕೆಡಿಸಿಕೊಂಡವರು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವೇ ಇದೆ, ಪುಸ್ತಕದ ನಡುವೆ ನವಿಲುಗರಿ ಇಟ್ಟುಕೊಳ್ಳದ ಹುಡುಗರಿಲ್ಲ. ಆ ಗರಿಯಲ್ಲಿ ನೀಲಿ ಬಣ್ಣದ ಪುಡಿ ಒಂದು ಚೂರೂ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪದರುಗಳ ಜೋಡಣೆಯಲ್ಲಿ ಬೆಳಕು ಸಿಕ್ಕಿ ಆ ನೀಲಿ ಹುಟ್ಟುತ್ತದೆ, ಗರಿಯನ್ನು ಅರೆದು ಪುಡಿ ಮಾಡಿದರೆ ಉಳಿಯುವುದು ಕಂದು. ವಿಜ್ಞಾನ ದಿನದಂದು ಇದನ್ನು ಯಾರೂ ಹೇಳುವುದಿಲ್ಲ. ಪುಸ್ತಕದಲ್ಲಿಟ್ಟ ಗರಿ ಮರಿ ಹಾಕುತ್ತದೆ ಎಂದು ಮಾತ್ರ ಎಲ್ಲರಿಗೂ ಗೊತ್ತು.

ಹೊಲದ ಕಡೆ ಬನ್ನಿ, ಅಲ್ಲಿ ಕಥೆ ಬೇರೆ. ತೆರೆದ ಬಾವಿ ಇರುವ ಹಳಬರನ್ನು ಕೇಳಿ, ಮೋಟಾರನ್ನು ದಂಡೆಯ ಮೇಲೆ ಬಿಟ್ಟು ಬಾವಿಯೊಳಗೆ ಕಟ್ಟೆ ಕಟ್ಟಿ ಯಾಕೆ ಕೂಡ್ರಿಸಿದಿರಿ ಅಂತ. "ಇಪ್ಪತ್ತೈದು ಫೂಟ್ ದಾಟಿದ್ರ ಎಳಿಯಂಗಿಲ್ರಿ. ಎಷ್ಟು ಎಚ್‌ಪಿ ಹಾಕಿದ್ರೂ ಅಷ್ಟ" ಅನ್ನುತ್ತಾರೆ. ಇದನ್ನು ಅವರು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಫೂಟ್‌ವಾಲ್ವು ಬಿಚ್ಚಿ, ಏರ್ ಹಿಡಿದದ್ದನ್ನು ಬಿಡಿಸಿ, ನೀರು ತುಂಬಿಸಿ ಮತ್ತೆ ಚಾಲೂ ಮಾಡಿ ಕಲಿತದ್ದು. ಸುಮಾರು ನಾನೂರು ವರ್ಷದ ಹಿಂದೆ ಇಟಲಿಯಲ್ಲಿ ಗೆಲಿಲಿಯೋಗೆ ಒಬ್ಬ ಪಂಪಿನ ಕೆಲಸಗಾರ ಹೇಳಿದ್ದೂ ಇದನ್ನೇ: ಸ್ವಾಮಿ, ಪಂಪು ಕೆಟ್ಟಿಲ್ಲ, ಇಷ್ಟಕ್ಕಿಂತ ಆಳದಿಂದ ಯಾವ ಪಂಪೂ ನೀರೆಳೆಯುವುದಿಲ್ಲ. ಗೆಲಿಲಿಯೋ ಅವನನ್ನು "ಮುಂದಕ ಹೋಗಪಾ" ಅನ್ನಲಿಲ್ಲ. ಆ ಮಾತನ್ನು 1638ರ ತನ್ನ ಪುಸ್ತಕದಲ್ಲಿ ಬರೆದ. ಅವನು ಊಹಿಸಿದ ಕಾರಣ ತಪ್ಪಾಗಿತ್ತು, ಅದು ಬೇರೆ ಮಾತು. ಮುಂದೆ ಟೊರಿಚೆಲ್ಲಿ ಗಾಜಿನ ನಳಿಗೆಯಲ್ಲಿ ಪಾದರಸ ತುಂಬಿ ತೋರಿಸಿದ, ನೀರನ್ನು ಪಂಪು ಎಳೆಯುವುದೇ ಇಲ್ಲ, ಹೊರಗಿನ ಗಾಳಿಯ ಭಾರ ಅದನ್ನು ಮೇಲಕ್ಕೆ ತಳ್ಳುತ್ತದೆ ಎಂದು. ಆ ಭಾರ 76 ಸೆಂಟಿಮೀಟರ್ ಪಾದರಸವನ್ನು, ಅಂದರೆ ಸುಮಾರು 10.3 ಮೀಟರ್ ನೀರನ್ನು ಮಾತ್ರ ಹೊರಬಲ್ಲದು. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ನಮ್ಮಲ್ಲಿ ಇನ್ನೂ ಕಡಿಮೆ, ಪೈಪಿನ ಸೋರಿಕೆ, ತಿಕ್ಕಾಟ ಕಳೆದರೆ ನಮ್ಮ ರೈತನ ಇಪ್ಪತ್ತೈದು ಫೂಟೇ ಸರಿ.

ಆ ರೈತನ ಮಗಳು ಪಿಯುಸಿಯಲ್ಲಿ ವಾಯುಭಾರದ ವ್ಯಾಖ್ಯೆ ಬಾಯಿಪಾಠ ಮಾಡುತ್ತಿದ್ದಾಳೆ. ಅಪ್ಪನ ಬಾವಿಗೂ ಅವಳ ನೋಟ್‌ಬುಕ್ಕಿಗೂ ಇರುವ ಅಂತರ ಅರ್ಧ ಫರ್ಲಾಂಗು. ಅದನ್ನು ದಾಟುವವರು ಯಾರೂ ಇಲ್ಲ.

ಒಂದು ವೇಳೆ ಆಕೆ ದಾಟಿದಳೆನ್ನಿ, ದಾಟಿ ಸವಣೂರಿನ ಕಲ್ಮಠಕ್ಕೂ ಹೋದಳೆನ್ನಿ. ಅಲ್ಲಿನ ದೊಡ್ಡಹುಣಸೆ ಮರಗಳು ಆಫ್ರಿಕಾ ಮೂಲದವು, ಎಲ್ಲರೂ ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುವಂಥವು. ಅವುಗಳ ಬುಡದಲ್ಲಿ ನಿಂತು ಆಕೆ ಕೇಳಬಹುದು: ನಮ್ಮಪ್ಪನ ಮೋಟಾರಿಗೆ ಆಗದ್ದು ಈ ಮರಕ್ಕೆ ಹೇಗಾಯಿತು? ಬದುವಿನ ತೆಂಗಿನ ಮರ ಅರವತ್ತು ಅಡಿ ಮೇಲಕ್ಕೆ, ಮೋಟಾರಿಲ್ಲದೆ, ಕರೆಂಟಿಲ್ಲದೆ, ರಾತ್ರಿ ತ್ರೀಫೇಸ್‌ಗೆ ಕಾಯದೆ ಎಳನೀರು ಹೇಗೆ ಏರಿಸಿತು? ಒಳ್ಳೊಳ್ಳೆಯವರು ತಡಬಡಾಯಿಸುವ ಪ್ರಶ್ನೆ ಇದು. ಎಲೆಯ ಸಣ್ಣ ರಂಧ್ರಗಳಿಂದ ನೀರು ಆರಿಹೋಗುತ್ತಿದ್ದಂತೆ ಹಿಂದಿನ ನೀರು ಜಗ್ಗಿಸಿಕೊಳ್ಳುತ್ತದೆ. ಬಲು ಸಪೂರದ ನಾಳಗಳಲ್ಲಿ ನೀರಿನ ಕಣಗಳು ಒಂದರ ಕೈ ಒಂದು ಬಿಡುವುದಿಲ್ಲ. ಅದನ್ನು ಡಿಕ್ಸನ್ ಮತ್ತು ಜಾಲಿ ಎಂಬಿಬ್ಬರು ಐರ್ಲೆಂಡಿನಲ್ಲಿ 1894ರ ಹೊತ್ತಿಗೆ ವಿವರಿಸಿದರು. ಆದರೆ ನಮ್ಮ ಹುಡುಗಿ ಈ ಪ್ರಶ್ನೆಯನ್ನು ಭೌತಶಾಸ್ತ್ರದವರಿಗೆ ಕೇಳಿದರೆ "ಬಯಾಲಜಿಯವರನ್ನ ಕೇಳು" ಅನ್ನುತ್ತಾರೆ, ಬಯಾಲಜಿಯವರು "ಫಿಸಿಕ್ಸ್‌ದವರನ್ನ ಕೇಳು" ಅನ್ನುತ್ತಾರೆ. ನೀಟ್ ಕೋಚಿಂಗಿನವರು ಯಾರನ್ನೂ ಕೇಳಬೇಡ ಅನ್ನುತ್ತಾರೆ. 180 ಪ್ರಶ್ನೆಗೆ 180 ನಿಮಿಷ, ಅದರಲ್ಲಿ ಭೌತಶಾಸ್ತ್ರದ್ದು 45. ಮರ ನೋಡುತ್ತಾ ನಿಂತರೆ ಸೀಟು ಹೋಗುತ್ತದೆ.

ಮೇಷ್ಟ್ರುಗಳನ್ನೇ ಬೈಯುವುದು ಸುಲಭ. ಅವರು ಬೆಳಗ್ಗೆ ಮೊಟ್ಟೆ ಎಣಿಸಬೇಕು, ಮಧ್ಯಾಹ್ನ ಮಕ್ಕಳ ಮಾಹಿತಿಯನ್ನೆಲ್ಲ ಸ್ಯಾಟ್ಸ್ ಜಾಲತಾಣಕ್ಕೆ ತುಂಬಬೇಕು, ನಡುವೆ ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಓಡಬೇಕು. ಇಷ್ಟರ ನಡುವೆ ಮಗು ಬಲೂನು ಹಿಡಿದು ಬಂದರೆ ಅವರಿಗೂ ಸಿಟ್ಟು ಬರುತ್ತದೆ.

ಆದರೆ ಅವರೇ ಮನೆಗೆ ಬೋರ್ ಹಾಕಿಸುವಾಗ ಮಾಡುವುದೇನು? ಪಾಯಿಂಟ್ ತೋರಿಸಲು ತೆಂಗಿನಕಾಯಿಯವನನ್ನು ಕರೆಸುತ್ತಾರೆ. ಅಂಗೈ ಮೇಲೆ ಅಡ್ಡ ಮಲಗಿದ ಕಾಯಿ ನೀರಿರುವ ಕಡೆ ಎದ್ದು ನಿಲ್ಲುತ್ತದಂತೆ. ತರಗತಿಯಲ್ಲಿ ಗುರುತ್ವ ಕೇಂದ್ರ ಹೇಳಿಕೊಟ್ಟ ಕೈಯೇ ಸಾವಿರದ ನೋಟು ಎಣಿಸಿದ ಕಾಲದಿಂದ ಐನೂರರ ನೋಟಿನ ಕಾಲದವರೆಗೂ ಆ ಕಾಯಿಗೆ ಕಾಣಿಕೆ ಕೊಡುತ್ತ ಬಂದಿದೆ. ಮೈಕೆಲ್ ಫ್ಯಾರಡೆ 1853ರಲ್ಲೇ ಈ ಜಾತಿಯ ಪವಾಡವೊಂದನ್ನು ಪರೀಕ್ಷಿಸಿದ್ದ. ಲಂಡನ್ನಿನಲ್ಲಿ ಆಗ ಮೇಜಿನ ಮೇಲೆ ಕೈಯಿಟ್ಟು ಕೂತರೆ ಆತ್ಮಗಳು ಮೇಜು ತಿರುಗಿಸುತ್ತಿದ್ದವು. ಫ್ಯಾರಡೆ ಕೈ ಮತ್ತು ಮೇಜಿನ ನಡುವೆ ಸರಿದಾಡುವ ಹಲಗೆಗಳನ್ನಿಟ್ಟು ನೋಡಿದ. ಮೊದಲು ಸರಿಯುತ್ತಿದ್ದದ್ದು ಕೈ, ಆಮೇಲೆ ಮೇಜು. ಕೂತವರು ಮೋಸಗಾರರಲ್ಲ, ತಾವು ತಳ್ಳುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ನಮ್ಮ ಕಾಯಿಯವನೂ ಬಹುಪಾಲು ಪ್ರಾಮಾಣಿಕನೇ. ಅವನ ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಜಾಗದಲ್ಲಿ ಇನ್ನೊಮ್ಮೆ ನಡೆಸಿದರೆ ಕಾಯಿ ಅಲ್ಲೇ ಏಳುತ್ತದೋ ಇಲ್ಲವೋ ನೋಡಬಹುದು. ಖರ್ಚು ಒಂದು ಟವೆಲ್ಲು. ಯಾರೂ ನೋಡುವುದಿಲ್ಲ, ಯಾಕೆಂದರೆ ಪ್ರಶ್ನೆ ಕೇಳಿದರೆ ನೀರು ಮುನಿದು ಕೆಳಗೆ ಹೋಗುತ್ತದೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅವರೂ ಭೌತಶಾಸ್ತ್ರದ ಮೇಷ್ಟ್ರೇ. ಪವಾಡಪುರುಷರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಅದೇ ವರ್ಷದ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ ಸೇರಿತು. ಈಗ ಅದೂ ಅಂಕದ ಪ್ರಶ್ನೆ, ಸಮಾಜ ವಿಜ್ಞಾನದಲ್ಲಿ.

ಕೇಳಿದ ಪ್ರಶ್ನೆಗೆ ಉತ್ತರವಿಲ್ಲದ ಈ ನಾಡಿನಲ್ಲಿ ಕೇಳದ ಪ್ರಶ್ನೆಗೆ ಉತ್ತರ ಕೊಡುವವರು ಬೆಳಗ್ಗೆ ಆರಕ್ಕೇ ಟೀವಿಯಲ್ಲಿ ಕೂತಿರುತ್ತಾರೆ. ಗ್ರಹಣ ಬಂತೆಂದರೆ ಅವರಿಗೆ ಸುಗ್ಗಿ. 2022ರ ಅಕ್ಟೋಬರ್ 25ರಂದು ದೀಪಾವಳಿ ಅಮಾವಾಸ್ಯೆಗೇ ಸೂರ್ಯಗ್ರಹಣ ಬಿತ್ತು. ಹಿತ್ತಾಳೆ ತಾಟಿನಲ್ಲಿ ನೀರು ಹಾಕಿ, ನಡುವೆ ಒನಕೆ ನಿಲ್ಲಿಸಿದರು. ಒನಕೆ ನಿಂತಿತು! ಕೈಮುಗಿದರು, ಅರಿಷಿಣ ಕುಂಕುಮ ಏರಿಸಿದರು, ವಾಟ್ಸಾಪಿನಲ್ಲಿ ಊರೂರಿಗೆ ಕಳಿಸಿದರು. "ವಿಜ್ಞಾನಿಗಳ ಕಡೆ ಇದಕ್ಕ ಉತ್ತರ ಐತೇನ್ರಿ?" ಎಂದು ಸವಾಲೂ ಹಾಕಿದರು. ಐತಿರಿ. ತುದಿಗೆ ಕಬ್ಬಿಣದ ಬಳೆ ಹಾಕಿದ, ಬುಡ ಚಪ್ಪಟೆಯಾದ ನೆಟ್ಟನೆಯ ಒನಕೆಯ ಭಾರದ ಗೆರೆ ಆ ಬಳೆಯೊಳಗೇ ಬಿದ್ದರೆ ಅದು ಯಾವತ್ತೂ ನಿಲ್ಲುತ್ತದೆ. ಕಷ್ಟವೇನೆಂದರೆ, ಗ್ರಹಣವಿಲ್ಲದ ದಿನ ಒನಕೆ ನಿಲ್ಲಿಸಿ ನೋಡುವಷ್ಟು ಪುರುಸೊತ್ತು ನಮ್ಮಲ್ಲಿ ಯಾರಿಗೂ ಇಲ್ಲ.

2027ರ ಆಗಸ್ಟ್ 2, ಸೋಮವಾರ, ಮತ್ತೊಂದು ಸೂರ್ಯಗ್ರಹಣವಿದೆ. ಈಜಿಪ್ಟಿನ ಲಕ್ಸಾರಿನಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಸೂರ್ಯ ಪೂರ್ತಿ ಮುಚ್ಚುತ್ತಾನೆ, ನಮ್ಮಲ್ಲಿ ಇಳಿಹೊತ್ತಿಗೆ ಒಂದಿಷ್ಟು ಮಾತ್ರ. ಹಿಂದಿನ ದಿನ ಭಾನುವಾರ, ಮಕ್ಕಳಿಗೆ ರಜೆ. ಮಿಕ್ಸರ್ ಬಂದ ಮೇಲೆ ಒನಕೆ ಇರುವ ಮನೆ ಕಡಿಮೆ, ಊರಿಂದ ತರಿಸಿಕೊಳ್ಳಿ. ಅದನ್ನು ಭಾನುವಾರವೇ ನಿಲ್ಲಿಸಲು ಮಗುವಿನ ಕೈಗೆ ಕೊಡಿ, ಅದು ಏನು ಕೇಳಿದರೂ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಸೋಮವಾರಕ್ಕೆ ಮಾತ್ರ ಒಳ್ಳೆಯ ಗ್ರಹಣದ ಕನ್ನಡಕ ಮೊದಲೇ ತರಿಸಿಡಿ, ಎಕ್ಸ್‌ರೇ ಹಾಳೆ ಹಿಡಿದು ನೋಡಿದರೆ ಕಣ್ಣು ಹೋಗುತ್ತದೆ.