ಹಸಿರುದೀಪ ಖಂಡನ

ಶಾಸ್ತ್ರಗ್ರಂಥ ಎಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಈ ಗ್ರಂಥದ ವಿಷಯ, ವಿದ್ಯುತ್ ವಾಹನದ ಬ್ಯಾಟರಿಗೆ ಚಾರ್ಜರು ಇನ್ನೂ ಸಿಕ್ಕಿಸಿಕೊಂಡಿದೆಯೋ ಕಳಚಿಕೊಂಡಿದೆಯೋ ಎಂದು ತಿಳಿಯುವ ಬಗೆ. ಪ್ರಯೋಜನ, ಬೆಳಿಗ್ಗೆ ಕೆಲಸಕ್ಕೆ ಹೊರಟವರು ಅರ್ಧ ದಾರಿಯಲ್ಲಿ ನಿಲ್ಲದಿರುವುದು ಮತ್ತು ಕಿಟಕಿಯ ಸರಳಿನ ನಡುವೆ ತೂರಿಸಿದ ವಯರನ್ನು ಹೆದ್ದಾರಿಯವರೆಗೆ ಎಳೆದುಕೊಂಡು ಹೋಗದಿರುವುದು. ಅಧಿಕಾರಿಗಳು, ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿ 66ರ ಎಡಬಲಗಳಲ್ಲಿ ಜಗಲಿಯ ಮೇಲೋ ಮಾಡಿನ ಅಡಿಯಲ್ಲೋ ಸ್ಕೂಟರು, ಆಟೋರಿಕ್ಷಾಗಳನ್ನು ಚಾರ್ಜಿಗಿಟ್ಟು ಮಲಗುವ ಸಮಸ್ತರು. ನಾಲ್ಕನೆಯದು ಸಂಬಂಧ. ಅದು ಇದೆಯೋ ಇಲ್ಲವೋ ಎಂಬುದೇ ಇಲ್ಲಿನ ಸಂಶಯವಾದ್ದರಿಂದ ಸದ್ಯಕ್ಕೆ ಬಾಕಿ ಇರಲಿ. ಪ್ರತಿಜ್ಞೆ ಮಾತ್ರ ಈಗಲೇ ಹೇಳಿಬಿಡಬಹುದು: ಚಾರ್ಜರಿನ ಹಸಿರು ದೀಪ ಸಂಯೋಗಕ್ಕೆ ಪ್ರಮಾಣವಲ್ಲ. ಕುಂದಾಪುರದ ಹತ್ತಿರದ ಹೂವಿನಕೆರೆಯಲ್ಲಿ ಹುಟ್ಟಿದ ವಾದಿರಾಜರು ‘ಯುಕ್ತಿಮಲ್ಲಿಕಾ’ ಬರೆದು ಪರಪಕ್ಷಗಳಿಗೆ ಒಂದೊಂದಾಗಿ ಉತ್ತರ ಕೊಟ್ಟವರು. ಅಂಥವರ ಸೀಮೆಯಲ್ಲಿ ಹುರುಳಿಕಾಳಿನಷ್ಟು ಬಲ್ಬು ಉರಿಯಿತೆಂದು ಸಿದ್ಧಾಂತವನ್ನೇ ಒಪ್ಪಿಕೊಂಡು ಮಲಗುವುದು ಊರಿಗೆ ಶೋಭೆಯಲ್ಲ.

ಆ ದೀಪ ಯಾರ ಮಾತು ಕೇಳಿ ಬಣ್ಣ ಬದಲಿಸುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಸಾಧಾರಣ ದರ್ಜೆಯ ಚಾರ್ಜರಿನ ಪೆಟ್ಟಿಗೆಯನ್ನು ಬಿಚ್ಚಿದರೆ (ಪ್ಲಗ್ಗು ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ, ಆದ್ದರಿಂದ ಬಿಚ್ಚದೆ ಗ್ರಂಥವನ್ನೇ ನಂಬುವುದು ಲೇಸು) ಬ್ಯಾಟರಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಶಂಟ್ ಎಂಬ ಒಂದು ಪುಟ್ಟ ತುಂಡು ಕಾಣುತ್ತದೆ. ಕರೆಂಟು ಹರಿದಾಗ ಅದರ ಎರಡು ತುದಿಗಳ ನಡುವೆ ಕೆಲವೇ ಮಿಲಿವೋಲ್ಟಿನ ವ್ಯತ್ಯಾಸ ಹುಟ್ಟುತ್ತದೆ. ಪಕ್ಕದಲ್ಲಿ ಕುಳಿತ ಒಂದು ಚಿಪ್ಪು ಅದನ್ನು ಅಳೆದು, ಗೊತ್ತುಮಾಡಿದ ಮಿತಿಗಿಂತ ಹೆಚ್ಚಿದ್ದರೆ ಕೆಂಪು ದೀಪ ಹಚ್ಚುತ್ತದೆ, ಕಡಿಮೆಯಾದರೆ ಹಸಿರು. ಇದಿಷ್ಟೇ ಅದರ ಜ್ಞಾನ. ಬ್ಯಾಟರಿ ಇದೆಯೇ ಎಂದು ಇಲ್ಲಿ ಯಾರೂ ಯಾರನ್ನೂ ಕೇಳಿಲ್ಲ. ಹದಿನಾರು ಸೆಲ್ಲುಗಳ ಲಿಥಿಯಂ ಫಾಸ್ಫೇಟ್ ಬ್ಯಾಟರಿ 58.4 ವೋಲ್ಟಿಗೆ ಏರಿ ಹೊಟ್ಟೆ ತುಂಬಿದಾಗ ಕರೆಂಟು ಇಳಿದು ಇಳಿದು ನಿಲ್ಲುತ್ತದೆ, ದೀಪ ಹಸಿರಾಗುತ್ತದೆ. ಸಂಜೆಯೇ ನಾಯಿ ಓಡುವಾಗ ಕಾಲಿಗೆ ಸಿಕ್ಕಿ ಪಿನ್ನು ಕಳಚಿಬಿದ್ದಿದ್ದರೂ ಕರೆಂಟು ಸೊನ್ನೆ, ಆಗಲೂ ದೀಪ ಹಸಿರೇ. ಶೂನ್ಯವಾದಿಗಳಿಗೂ ಪೂರ್ಣವಾದಿಗಳಿಗೂ ಸಾವಿರ ವರ್ಷ ವಾದಿಸಿ ಆಗದ ರಾಜಿಯನ್ನು ಈ ಪೆಟ್ಟಿಗೆ ಒಂದೇ ದೀಪದಲ್ಲಿ ಮಾಡಿಸಿಬಿಟ್ಟಿದೆ. ತರ್ಕಶಾಸ್ತ್ರದಲ್ಲಿ ಇಂಥ ಹೇತುವಿಗೆ ಸಾಧಾರಣ ಅನೈಕಾಂತಿಕ ಎನ್ನುತ್ತಾರೆ. ಸಾಧಿಸಬೇಕಾದ್ದು ಇರುವಲ್ಲೂ ಇರುತ್ತದೆ, ಇಲ್ಲದಲ್ಲೂ ಇರುತ್ತದೆ, ಆದ್ದರಿಂದ ಏನನ್ನೂ ಸಾಧಿಸುವುದಿಲ್ಲ.

ಪೂರ್ವಪಕ್ಷಿ ಇಲ್ಲಿ ಕೈಪಿಡಿ ಹಿಡಿದು ಏಳುತ್ತಾನೆ: ಹಸಿರು ಎಂದರೆ ಫುಲ್ ಎಂದು ಅಚ್ಚಾಗಿದೆಯಲ್ಲ, ಅಚ್ಚಾದದ್ದು ಸುಳ್ಳೇ? ಸುಳ್ಳಲ್ಲ. ಸಿಕ್ಕಿಸಿದ ಬ್ಯಾಟರಿ ತುಂಬಿದರೆ ದೀಪ ಹಸಿರಾಗುತ್ತದೆ ಎಂದು ಕೈಪಿಡಿ ಹೇಳಿತು. ದೀಪ ಹಸಿರಾಗಿದ್ದರೆ ಬ್ಯಾಟರಿ ಸಿಕ್ಕಿಸಿದೆ ಎಂದು ಓದಿಕೊಂಡದ್ದು ಪೂರ್ವಪಕ್ಷಿ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ ಎಂಬುದನ್ನು ಒಪ್ಪಿದವರು ಒದ್ದೆ ಅಂಗಳ ಕಂಡಲ್ಲೆಲ್ಲ ಮಳೆಯನ್ನು ಒಪ್ಪಬೇಕಾಗಿಲ್ಲ. ಕೆಂಪು ದೀಪದ ವಿಷಯ ಬೇರೆ. ಅದು ಉರಿಯಬೇಕಾದರೆ ಕರೆಂಟು ಹರಿಯಬೇಕು, ಹರಿಯಬೇಕಾದರೆ ಆಚೆ ತುದಿಯಲ್ಲಿ ಕುಡಿಯುವವರು ಇರಬೇಕು. ಆದ್ದರಿಂದ ಕೆಂಪಿನ ಸಾಕ್ಷ್ಯವನ್ನು ಈ ಗ್ರಂಥ ಗೌರವದಿಂದ ಸ್ವೀಕರಿಸುತ್ತದೆ. ಹಸಿರಿಗೆ ಇನ್ನೊಂದು ಅಪಕೀರ್ತಿಯೂ ಇದೆ. ಹಿಮ್ಮುಖ ಹರಿವನ್ನು ತಡೆಯುವ ಡಯೋಡ್ ಹಾಕದ ಅಗ್ಗದ ಚಾರ್ಜರುಗಳಲ್ಲಿ ಮನೆಯ ಕರೆಂಟು ಹೋದ ಮೇಲೂ ಬ್ಯಾಟರಿಯೇ ಹಿಂದಕ್ಕೆ ಹರಿದು ದೀಪ ಉರಿಸುವುದುಂಟು. ಆಗ ದೀಪ ಚಾರ್ಜರಿನ ಕುಶಲವನ್ನು ಹೇಳುತ್ತಿಲ್ಲ, ಬ್ಯಾಟರಿಯ ಅನ್ನ ತಿಂದು ಚಾರ್ಜರಿನ ಹೊಗಳಿಕೆ ಮಾಡುತ್ತಿದೆ. ಮಳೆಗಾಲದ ಕರಾವಳಿಯಲ್ಲಿ ಇದನ್ನು ಅಪರೂಪದ ಉದಾಹರಣೆ ಎಂದು ತಳ್ಳಿಹಾಕುವ ಹಾಗಿಲ್ಲ. ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ, ನೆಲದ ಅಡಿಯಲ್ಲಿ, ವಾರಾಹಿ ವಿದ್ಯುದಾಗಾರದ ನಾಲ್ಕು ಘಟಕಗಳು ಒಟ್ಟು 460 ಮೆಗಾವ್ಯಾಟ್ ಉತ್ಪಾದಿಸುವ ಶಕ್ತಿಯಿಟ್ಟುಕೊಂಡು ಕುಳಿತಿವೆ. ಅದೇ ತಾಲೂಕಿನಲ್ಲಿ ಆಷಾಢದ ಒಂದು ಗಾಳಿಗೆ ಒಂದು ಮರದ ಗೆಲ್ಲು ತಂತಿಯ ಮೇಲೆ ಬಿದ್ದರೆ ಸ್ಕೂಟರಿಗೆ ಬರಬೇಕಾದ ಒಂದು ಯೂನಿಟ್ಟೂ ಬರುವುದಿಲ್ಲ.

ಇಷ್ಟೆಲ್ಲ ತರ್ಕ ಏತಕ್ಕೆ, ಎದ್ದು ಹೋಗಿ ನೋಡಿದರಾಯಿತಲ್ಲ ಎಂಬುದು ಪ್ರತ್ಯಕ್ಷವಾದಿಗಳ ಆಕ್ಷೇಪ. ಕೊಡೆ ಹಿಡಿದು ಅಂಗಳ ದಾಟಿ ಟಾರ್ಚ್ ಬಿಟ್ಟು ನೋಡಿದವರಿಗೆ ಕಾಣುವುದು ಪ್ಲಗ್ಗು ತೂತಿನೊಳಗಿದೆ ಎಂಬುದು ಮಾತ್ರ. ಅದು ಪ್ಲಾಸ್ಟಿಕ್ಕಿಗೂ ಪ್ಲಾಸ್ಟಿಕ್ಕಿಗೂ ಆದ ಸಂಯೋಗ. ಲೋಹಕ್ಕೂ ಲೋಹಕ್ಕೂ ಆಯಿತೇ ಎಂದು ಕಣ್ಣು ಹೇಳಲಾರದು. ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕಾ ಹರಿಯುವ ಮರವಂತೆಯಲ್ಲಾಗಲಿ, ಬಂದರಿನ ಗಾಳಿ ತಿನ್ನುವ ಗಂಗೊಳ್ಳಿಯಲ್ಲಾಗಲಿ, ಹಿತ್ತಾಳೆಯ ಪಿನ್ನಿಗೆ ಕಿಲುಬು ಹಿಡಿಯಲು ಒಂದು ಮಳೆಗಾಲ ಸಾಕು. ಆ ಹಸಿರು ಪದರ ಕರೆಂಟಿಗೆ ದಾರಿ ಬಿಡುವುದಿಲ್ಲ, ಬಿಟ್ಟರೂ ಬಿಸಿಯಾಗಿ ಸಾಕೆಟ್ಟಿನ ಬಾಯನ್ನೇ ಕರಗಿಸುತ್ತದೆ. (ದೀಪದ ಹಸಿರಿಗಿಂತ ಪಿನ್ನಿನ ಹಸಿರಿನ ಬಗ್ಗೆ ಜನ ಹೆಚ್ಚು ಚಿಂತೆ ಮಾಡಬೇಕಿತ್ತು.) ಸಾಕೆಟ್ಟಿನೊಳಗೆ ಸಂಸಾರ ಹೂಡುವ ಇರುವೆಗಳ ವಿಷಯ ಬೇರೆಯೇ ಪ್ರಕರಣವಾಗುವಷ್ಟಿದೆ, ಬಿಡೋಣ. ಇದಕ್ಕಿಂತ ಸೂಕ್ಷ್ಮವಾದ ವಂಚನೆ ಬ್ಯಾಟರಿಯ ಹೊಟ್ಟೆಯೊಳಗಿದೆ. ಲಿಥಿಯಂ ಬ್ಯಾಟರಿಗೆ ಬಿಎಂಎಸ್ ಎಂಬ ಕಾವಲುಗಾರನಿದ್ದಾನೆ. ಯಾವುದೋ ಒಂದು ಸೆಲ್ಲು ಮಿತಿ ಮೀರಿತೆಂದೋ, ಬಿಸಿ ಹೆಚ್ಚಿತೆಂದೋ ಅವನಿಗೆ ಅನಿಸಿದರೆ ಒಳಗಿನ ಸ್ವಿಚ್ಚನ್ನು ತೆರೆದುಬಿಡುತ್ತಾನೆ. ಹೊರಗೆ ಪ್ಲಗ್ಗು ಗಟ್ಟಿಯಾಗಿದೆ, ಪಿನ್ನು ತೊಳೆದಿಟ್ಟಂತಿದೆ, ವಯರು ಸರಿಯಿದೆ, ಬ್ಯಾಟರಿ ಮಾತ್ರ ಒಳಗಿನಿಂದ ಚಿಲಕ ಹಾಕಿಕೊಂಡಿದೆ. ಕಣ್ಣಿಗೆ ಸಂಬಂಧ ಉಂಟು, ಕರೆಂಟಿಗೆ ಇಲ್ಲ. ಪ್ರತ್ಯಕ್ಷವೂ ಇಲ್ಲಿ ಸೋಲುತ್ತದೆ.

ಅನುಮಾನವನ್ನು ಬೇಗ ಮುಗಿಸಬಹುದು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವ ಹಳೆಯ ಉದಾಹರಣೆಯನ್ನು ಲಿಥಿಯಂ ಬ್ಯಾಟರಿಯ ಮೇಲೆ ಪ್ರಯೋಗಿಸಲು ಯಾರೂ ಬಯಸುವುದಿಲ್ಲ. ಚಾರ್ಜರಿನ ಬೆನ್ನು ಬೆಚ್ಚಗಿದೆ, ಒಳಗಿನ ಫ್ಯಾನು ಗುಂಯ್ಗುಡುತ್ತಿದೆ ಎಂಬವು ಒಳ್ಳೆಯ ಹೇತುಗಳೇ, ಆದರೆ ಅವು ಹರಿವಿನ ಹೇತುಗಳು. ಹರಿವು ನಿಂತ ಮೇಲೆ ಸಂಯೋಗ ಉಳಿದಿದೆಯೇ ಎಂಬ ಮೂಲ ಪ್ರಶ್ನೆಗೆ ಅವು ಬಾಯಿ ಬಿಡುವುದಿಲ್ಲ. ಮೊಬೈಲಿನ ಆ್ಯಪು ತೋರಿಸುವುದು ವಾಹನ ಕಡೆಯ ಸಲ ನೆಟ್‌ವರ್ಕಿಗೆ ಸಿಕ್ಕಾಗ ಹೇಳಿದ ಮಾತನ್ನು. ಘಟ್ಟದ ಬುಡದ ಊರುಗಳಲ್ಲಿ ಆ ಕಡೆಯ ಸಲ ಯಾವತ್ತಿನದು ಎಂದು ಕೇಳುವುದು ಮರ್ಯಾದೆಯಲ್ಲ.

ಉಳಿದದ್ದು ಆಗಮ. ಮಧ್ವಮತದಲ್ಲಿ ಪ್ರಮಾಣಗಳು ಮೂರೇ, ಪ್ರತ್ಯಕ್ಷ, ಅನುಮಾನ, ಆಗಮ. ಮೊದಲೆರಡು ಸೋತಲ್ಲಿ ಮೂರನೆಯದಕ್ಕೆ ಶರಣು ಹೋಗುವುದು ನ್ಯಾಯವೇ. ಕಾರುಗಳ ಚಾರ್ಜಿಂಗಿಗೆ ಐಇಸಿ 61851 ಎಂಬ ಅಂತರರಾಷ್ಟ್ರೀಯ ಸ್ಮೃತಿಯಿದೆ. ಏಳು ಪಿನ್ನುಗಳ ಟೈಪ್ 2 ಪ್ಲಗ್ಗಿನಲ್ಲಿ ಐದು ಕರೆಂಟಿಗೂ ಅರ್ತಿಂಗಿಗೂ ಮೀಸಲು, ಎರಡು ಬರೀ ಮಾತಿಗೆ. ಮಾತಿನ ಪಿನ್ನುಗಳಲ್ಲಿ ಕಂಟ್ರೋಲ್ ಪೈಲಟ್ ಎಂಬುದು ಮುಖ್ಯ. ಯಾರೂ ಇಲ್ಲದಾಗ ಚಾರ್ಜರು ಅದರ ಮೇಲೆ 12 ವೋಲ್ಟ್ ಇಟ್ಟು ಕಾಯುತ್ತದೆ. ಕಾರು ಬಂದು ಸೇರಿದ ಕೂಡಲೇ ತನ್ನೊಳಗಿನ 2740 ಓಮ್ ರೆಸಿಸ್ಟರನ್ನು ಅಡ್ಡ ಹಿಡಿಯುತ್ತದೆ, ವೋಲ್ಟು 9ಕ್ಕೆ ಇಳಿಯುತ್ತದೆ. ಇದರರ್ಥ ನಾನು ಬಂದಿದ್ದೇನೆ, ಈಗಲೇ ಬಡಿಸಬೇಡಿ. ಆಮೇಲೆ ಚಾರ್ಜರು ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಸಂಕೇತದ ಅಗಲದಿಂದ ಎಷ್ಟು ಆಂಪಿಯರ್ ಕೊಡಬಲ್ಲೆ ಎಂದು ತಿಳಿಸುತ್ತದೆ. ಕಾರು ಇನ್ನೊಂದು ರೆಸಿಸ್ಟರ್ ಸೇರಿಸಿ 6 ವೋಲ್ಟಿಗೆ ಇಳಿಸಿದರೆ ಮಾತ್ರ ದೊಡ್ಡ ಸ್ವಿಚ್ಚು ಬೀಳುತ್ತದೆ. ಬಡಗುತಿಟ್ಟಿನ ಒಡ್ಡೋಲಗದಲ್ಲಿ ವೇಷ ತೆರೆಯ ಹಿಂದೆ ಬಂದು ನಿಂತದ್ದು ಒಂದು ಘಟ್ಟ, ತೆರೆ ಸರಿದು ರಂಗಕ್ಕೆ ಇಳಿದದ್ದು ಇನ್ನೊಂದು. 9 ವೋಲ್ಟು ತೆರೆಯ ಹಿಂದಿನದು, 6 ವೋಲ್ಟು ಮುಂದಿನದು. ಪ್ರಸಂಗ ಮುಗಿದು ಹರಿವು ನಿಂತರೂ ಪ್ಲಗ್ಗು ಒಳಗಿರುವಷ್ಟು ಹೊತ್ತು ಸಂಕೇತ 12ಕ್ಕೆ ಮರಳುವುದಿಲ್ಲ. ಹೀಗೆ ಸಂಯೋಗಕ್ಕೆ ಒಂದು ಗುರುತು, ಹರಿವಿಗೆ ಬೇರೆಯೇ ಗುರುತು. ಈ ಗ್ರಂಥ ಹೇಳಹೊರಟ ಭೇದವನ್ನು ಆ ಸ್ಮೃತಿಕಾರರು ಮೊದಲೇ ಹೇಳಿಬಿಟ್ಟಿದ್ದಾರೆ. ಸಾಲದ್ದಕ್ಕೆ ಆ ಮಾತಿನ ಪಿನ್ನನ್ನು ಉಳಿದವುಗಳಿಗಿಂತ ಗಿಡ್ಡ ಮಾಡಿದ್ದಾರೆ. ಪ್ಲಗ್ಗು ಎಳೆಯುವಾಗ ಮೊದಲು ಕಳಚುವುದು ಅದೇ, ದೊಡ್ಡ ಪಿನ್ನುಗಳು ಕಿಡಿ ಹಾರಿಸುವ ಮೊದಲೇ ಕರೆಂಟು ನಿಂತಿರುತ್ತದೆ. ನಮ್ಮ ದೇಶದ ಎಐಎಸ್-038 ಮಾನದಂಡವೂ ಹೊರಗಿನ ಚಾರ್ಜರಿನ ಪ್ಲಗ್ಗು ಭೌತಿಕವಾಗಿ ಸಿಕ್ಕಿಸಿಕೊಂಡಿರುವಷ್ಟು ಹೊತ್ತು ಕಾರು ತನ್ನ ಶಕ್ತಿಯಿಂದ ಚಲಿಸಬಾರದು ಎನ್ನುತ್ತದೆ. ಕರೆಂಟು ಹರಿಯುತ್ತಿರುವಷ್ಟು ಹೊತ್ತು ಎನ್ನಲಿಲ್ಲ, ಗಮನಿಸಬೇಕು.

ಸರಿ, ಅದು ಕಾರಿನವರ ವೈಭವ, ಎರಡು ತಂತಿಯ ಚಾರ್ಜರಿನವರ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದು. ಅಲ್ಲಿ ಮಾತಿಗೆಂದು ಬೇರೆ ಪಿನ್ನಿಲ್ಲ. ಹಾಗಾದರೆ ವೋಲ್ಟು ಅಳೆಯೋಣ ಎಂದರೆ ಮೀಟರು 58 ತೋರಿಸುತ್ತದೆ. ಅದು ಬ್ಯಾಟರಿಯದ್ದೋ ಚಾರ್ಜರಿನದ್ದೋ? ಚಾರ್ಜರು ತಾನೇ ಕೂಗುತ್ತಿರುವಾಗ ಆಚೆಯವರು ಓಗೊಟ್ಟರೇ ಎಂದು ಅದಕ್ಕೆ ಕೇಳಿಸುವುದಿಲ್ಲ. ಪರಿಹಾರ ಒಂದೇ, ಚಾರ್ಜರು ಸ್ವಲ್ಪ ಹೊತ್ತು ಬಾಯಿ ಮುಚ್ಚಬೇಕು. ಬುದ್ಧಿಯಿರುವ ಚಾರ್ಜರುಗಳು ಹೀಗೆಯೇ ಮಾಡುತ್ತವೆ. ಆಗಾಗ ತಮ್ಮ ಹೊರಹರಿವನ್ನು ನಿಲ್ಲಿಸಿ, ತಂತಿಯ ಮೇಲೆ ಎಷ್ಟು ವೋಲ್ಟು ಉಳಿಯಿತೆಂದು ನೋಡುತ್ತವೆ. ಬ್ಯಾಟರಿ ಇದ್ದರೆ ವೋಲ್ಟು 58ರಿಂದ ಇಳಿದು 53–54ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ಕೆಪಾಸಿಟರಿನಲ್ಲಿ ಉಳಿದದ್ದು ಸೋರಿ ನೋಡನೋಡುತ್ತ ಸೊನ್ನೆಯ ಕಡೆಗೆ ಜಾರುತ್ತದೆ. ಇಲ್ಲದಿರುವುದನ್ನು ಹೀಗೆ ತಿಳಿಯುವುದಕ್ಕೆ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಇಟ್ಟುಕೊಂಡಿದ್ದಾರೆ, ಮಾಧ್ವರು ಅದನ್ನು ಬೇರೆಯಾಗಿ ಒಪ್ಪುವುದಿಲ್ಲ. ಶಂಕರರು ದೇವಿಯನ್ನು ಪ್ರತಿಷ್ಠಾಪಿಸಿದರೆಂಬ ಪ್ರತೀತಿಯ ಕೊಲ್ಲೂರೂ ವಾದಿರಾಜರ ಹೂವಿನಕೆರೆಯೂ ಅಕ್ಕಪಕ್ಕದ ತಾಲೂಕುಗಳಲ್ಲೇ ಇರುವುದರಿಂದ ಆ ಜಗಳಕ್ಕೆ ಈ ಗ್ರಂಥ ತಲೆಹಾಕುವುದಿಲ್ಲ. ಕೋಟದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆಯುವ ಕಾಲಕ್ಕೆ ಚಾರ್ಜರಿನ ಜಗಳ ಜಗಲಿಗೆ ಬಂದಿರಲಿಲ್ಲ. ಬಂದಿದ್ದರೆ ಚಿತ್ರಸಮೇತ ಎರಡು ಪುಟದಲ್ಲಿ ಮುಗಿಸಿಬಿಡುತ್ತಿದ್ದರು, ಇಷ್ಟುದ್ದ ಎಳೆಯುತ್ತಿರಲಿಲ್ಲ.

ನಂಬಿಕಸ್ಥರ ಮಾತಾದ ಆಪ್ತವಾಕ್ಯವನ್ನು ಬಿಟ್ಟಿರೆಂದು ಕೆಲವರು ದೂರಬಹುದು. ಮನೆಯೊಳಗಿಂದ ‘ಹ್ವಾಯ್, ಚಾರ್ಜಿಗ್ ಇತ್ತಾ?’ ಎಂದು ಕೇಳಿದಾಗ ಜಗಲಿಯಿಂದ ‘ಇತ್ತ್ ಮಾರ್ರೆ, ಹಸ್ರ್ ಲೈಟ್ ಇತ್ತ್ ಕಾಣಿ’ ಎಂದು ಬರುವ ಉತ್ತರವನ್ನು ಪರೀಕ್ಷಿಸಿದರೆ, ಅದು ಆಪ್ತವಾಕ್ಯದ ವೇಷ ಹಾಕಿದ ಅದೇ ಹಸಿರು ದೀಪ. ಬಾಯಿ ಬದಲಾಯಿತು, ಹೇತು ಬದಲಾಗಲಿಲ್ಲ. ಕಡೆಯ ಆಕ್ಷೇಪ ಉದಾಸೀನರದು: ತುಂಬಿದ ಮೇಲೆ ಸಿಕ್ಕಿಸಿದ್ದರೇನು, ಬಿಟ್ಟರೇನು? ತುಂಬಿದೆ ಎಂದು ಗೊತ್ತಾದದ್ದೇ ಆ ದೀಪದಿಂದ ಎಂಬುದನ್ನು ಅವರು ಮರೆತಿದ್ದಾರೆ. ಸಾಧಿಸಬೇಕಾದ್ದನ್ನೇ ಸಾಧನವಾಗಿ ಇಟ್ಟುಕೊಂಡು ಬೆಳಗಿನ ಜಾವ ಬೈಂದೂರಿನಿಂದ ಕುಂದಾಪುರಕ್ಕೆ ಹೊರಟವರಿಗೆ ತ್ರಾಸಿಯ ಹತ್ತಿರ ಉತ್ತರ ಸಿಗುತ್ತದೆ.

ನಿರ್ಣಯ ಹೀಗೆ. ಕೆಂಪು ದೀಪದ ಸಾಕ್ಷ್ಯ ಮಾನ್ಯ. ಹಸಿರಿನದು, ಮಲಗುವ ಮೊದಲೊಮ್ಮೆ ಕೆಂಪಾಗಿದ್ದುದನ್ನು ಯಾರಾದರೂ ಕಣ್ಣಾರೆ ಕಂಡಿದ್ದರೆ ಅರ್ಧ ಮಾನ್ಯ, ಇಲ್ಲದಿದ್ದರೆ ಅಮಾನ್ಯ. ಸಂಶಯ ಬಂದವರು ಡ್ಯಾಶ್‌ಬೋರ್ಡಿನ ಶೇಕಡಾ ಅಂಕಿಯನ್ನು ಚಾರ್ಜಿಗಿಟ್ಟಾಗ ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ನೋಡತಕ್ಕದ್ದು. ಏರಿದ್ದರೆ ಅಷ್ಟರ ಮಟ್ಟಿಗೆ ಸಂಬಂಧ ಸಿದ್ಧ. ಹೊರಡುವಾಗ ಮಾತ್ರ ಯಾವ ದೀಪವನ್ನೂ ಕೇಳದೆ, ಗೋಡೆಯ ಸ್ವಿಚ್ಚು ಆರಿಸಿ, ಒದ್ದೆಯಿಲ್ಲದ ಕೈಯಿಂದ ಪ್ಲಗ್ಗನ್ನು ಮುಟ್ಟಿಯೇ ಬಿಡಿಸಬೇಕು. ಯಾವ ಬಣ್ಣದ ದೀಪವೂ ಉರಿಯದಿದ್ದರೆ ಅದು ಈ ಶಾಸ್ತ್ರದ ವಿಷಯವೇ ಅಲ್ಲ, ಮೆಸ್ಕಾಂನ 1912ಕ್ಕೆ ಫೋನ್ ಮಾಡಿ.